ಹಳೆಯ ಜೀಪು, ಹೊಸ ಕತ್ತರಿ: ಪ್ಲಾಸ್ಮಾ ಕಟ್ಟರ್ ಕೊಳ್ಳುವ ಮೊದಲು

ಸಿದ್ಧಕಟ್ಟೆ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಳೆಗಾಲದ ಒಂದು ಸಂಜೆ ಮನೆಗೆ ಬಂದ. ಅವನ ತಂದೆ ಅಡಿಕೆ, ರಬ್ಬರ್ ಶೀಟು ಸಾಗಿಸುತ್ತಿದ್ದ ಜೀಪು ಹಲವು ವರ್ಷಗಳಿಂದ ಕೊಟ್ಟಿಗೆಯ ಪಕ್ಕದಲ್ಲೇ ನಿಂತಿದೆ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಜಿಲ್ಲೆ ನಮ್ಮದು. ಜೀಪಿನ ನೆಲದ ತಗಡನ್ನು ತುಕ್ಕು ತಿಂದು ಜರಡಿ ಮಾಡಿತ್ತು. "ಸರ್, ಇದನ್ನು ನಾನೇ ಸರಿ ಮಾಡಬೇಕೂಂತ ಉಂಟು. ಪ್ಲಾಸ್ಮಾ ಕಟ್ಟರ್ ತೆಗೊಳ್ಳಲಾ?" ಎಂದು ಕೇಳುತ್ತಾ ಒಂದು ಕರಪತ್ರ ಮುಂದಿಟ್ಟ. 40 ಆಂಪಿಯರ್, 12 ಮಿ.ಮೀ. ಉಕ್ಕನ್ನು ಕತ್ತರಿಸುತ್ತದೆ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಕೂಡಿಟ್ಟ ಹಣವೆಲ್ಲ ಅದಕ್ಕೇ ಹೋಗುವುದಿತ್ತು.

ನಾನು ಮೂರು ಪ್ರಶ್ನೆ ಕೇಳಿದೆ. ತಗಡು ಎಷ್ಟು ದಪ್ಪ? ಯಂತ್ರವನ್ನು ಯಾವ ಸಾಕೆಟಿಗೆ ಚುಚ್ಚುತ್ತೀ? ಗಾಳಿ ಎಲ್ಲಿಂದ? ಅವನಿಗೆ ಗೊತ್ತಿದ್ದದ್ದು ಮೊದಲನೆಯದು ಮಾತ್ರ. ಉಳಿದ ಎರಡಕ್ಕೆ ಉತ್ತರ ಕರಪತ್ರದಲ್ಲಿಲ್ಲ, ನಮ್ಮ ಪಿಯುಸಿ ಪಠ್ಯದಲ್ಲಿದೆ.

ಅನಿಲವನ್ನು ತೀವ್ರವಾಗಿ ಕಾಯಿಸಿದರೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ಅಯಾನುಗಳೂ ಎಲೆಕ್ಟ್ರಾನುಗಳೂ ಬೆರೆತ, ವಿದ್ಯುತ್ತನ್ನು ಹರಿಯಬಿಡುವ ಈ ಸ್ಥಿತಿಯೇ ಪ್ಲಾಸ್ಮಾ. 1879ರಲ್ಲಿ ವಿಲಿಯಂ ಕ್ರೂಕ್ಸ್ ಇದನ್ನು ದ್ರವ್ಯದ ನಾಲ್ಕನೆಯ ಸ್ಥಿತಿ ಎಂದು ಗುರುತಿಸಿದ. ಹೆಸರು ಕೊಟ್ಟವನು 1928ರಲ್ಲಿ ಅರ್ವಿಂಗ್ ಲ್ಯಾಂಗ್ಮ್ಯೂರ್. ಯಾವ ತಾಪದಲ್ಲಿ ಎಷ್ಟು ಪರಮಾಣುಗಳು ಅಯಾನುಗಳಾಗುತ್ತವೆ ಎಂಬ ಲೆಕ್ಕವನ್ನು 1920ರಲ್ಲಿ ಕೊಟ್ಟವರು ನಮ್ಮ ಮೇಘನಾದ ಸಹಾ. ನಕ್ಷತ್ರಗಳಿಗಾಗಿ ಅವರು ಬರೆದ ಸಮೀಕರಣ ಗ್ಯಾರೇಜಿನ ಕಿಡಿಗೂ ಅನ್ವಯಿಸುತ್ತದೆ.

ಕಟ್ಟರ್‌ನ ಟಾರ್ಚಿನಲ್ಲಿ ತಾಮ್ರದ ಋಣಾಗ್ರವಿದೆ, ಅದರ ಮುಂದೆ ಸಣ್ಣ ರಂಧ್ರದ ನಾಸಲ್. ಋಣಾಗ್ರಕ್ಕೂ ತಗಡಿಗೂ ನಡುವೆ ಹುಟ್ಟುವ ವಿದ್ಯುತ್ ಚಾಪ, ಅಂದರೆ ವೆಲ್ಡರ್‌ಗಳು ಹೇಳುವ ಆರ್ಕ್, ಆ ರಂಧ್ರದ ಮೂಲಕವೇ ಹೊರಬರಬೇಕು. ಸುತ್ತ ಸುಳಿಯಾಗಿ ಹರಿಯುವ ತಣ್ಣನೆಯ ಗಾಳಿ ಚಾಪವನ್ನು ಇನ್ನಷ್ಟು ಹಿಂಡುತ್ತದೆ. ಅಡ್ಡಕೊಯ್ತ ಕಿರಿದಾದಂತೆ ವಿದ್ಯುತ್ ಸಾಂದ್ರತೆ ಏರಿ, ತಾಪ 20,000 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗುತ್ತದೆ. ಲೋಹ ಕರಗುತ್ತದೆ, ಅದೇ ಗಾಳಿ ಕರಗಿದ್ದನ್ನು ಊದಿ ಹಾಕುತ್ತದೆ.

ಗ್ಯಾಸ್ ಕಟಿಂಗ್ ಇದಕ್ಕಿಂತ ಬೇರೆಯೇ ಕ್ರಿಯೆ. ಅಲ್ಲಿ ಕಬ್ಬಿಣವನ್ನು ಸುಮಾರು 900 ಡಿಗ್ರಿಗೆ ಕಾಯಿಸಿ, ಆಮ್ಲಜನಕ ಬಿಟ್ಟು ಸುಡುತ್ತಾರೆ. ಕಬ್ಬಿಣದ ಆಕ್ಸೈಡು ಕಬ್ಬಿಣಕ್ಕಿಂತ ಬೇಗ ಕರಗುವುದರಿಂದ ಇದು ಸಾಧ್ಯ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗಿದರೆ ಅದರ ಆಕ್ಸೈಡಿಗೆ 2000 ಡಿಗ್ರಿಗೂ ಮೇಲೆ ಬೇಕು. ಅಲ್ಲಿ ಗ್ಯಾಸ್ ಸೋಲುತ್ತದೆ. ಪ್ಲಾಸ್ಮಾಕ್ಕೆ ಲೋಹ ಸುಡಬೇಕಾಗಿಲ್ಲ, ವಿದ್ಯುತ್ ಹರಿದರೆ ಸಾಕು. ತೆಳು ತಗಡಿಗೆ ಇನ್ನೊಂದು ಅನುಕೂಲವಿದೆ. 30 ಸೆಂ.ಮೀ. ಉದ್ದದ ಉಕ್ಕಿನ ಪಟ್ಟಿ 500 ಡಿಗ್ರಿ ಹೆಚ್ಚು ಕಾದರೆ ಸುಮಾರು 1.8 ಮಿ.ಮೀ. ಹಿಗ್ಗುತ್ತದೆ. ಗ್ಯಾಸಿನ ಅಗಲ ಜ್ವಾಲೆಗೆ ಸಿಕ್ಕಿದ ಬಾಗಿಲು ಹಪ್ಪಳದಂತೆ ಸೊಟ್ಟಗಾಗುವುದು ಇದರಿಂದಲೇ. ಪ್ಲಾಸ್ಮಾ ಕಿರಿದಾದ ಗೆರೆಯಲ್ಲಿ ಬೇಗ ಸಾಗುವುದರಿಂದ ಕಾಯುವ ಭಾಗ ಕಡಿಮೆ.

ಈಗ ಸಾಕೆಟ್ಟಿನ ಪ್ರಶ್ನೆ. ಇಂಥ ಯಂತ್ರಗಳಲ್ಲಿ ಚಾಪದ ವೋಲ್ಟೇಜನ್ನು ಅಂದಾಜಿಸಲು ಬಳಸುವ ಸೂತ್ರ ಸರಳ: 80ಕ್ಕೆ ಆಂಪಿಯರಿನ 0.4 ಪಾಲು ಸೇರಿಸಿ. 40 ಆಂಪಿಯರಿಗೆ 96 ವೋಲ್ಟ್, ಅಂದರೆ 3.84 ಕಿಲೋವಾಟ್. ಯಂತ್ರದ ದಕ್ಷತೆ ಶೇ. 80 ಎಂದರೆ ಒಳಹೋಗಬೇಕಾದದ್ದು 4.8 ಕಿಲೋವಾಟ್. 230 ವೋಲ್ಟಿನಲ್ಲಿ ಇದು 21 ಆಂಪಿಯರ್. ಅಗ್ಗದ ಇನ್ವರ್ಟರುಗಳ ಪವರ್ ಫ್ಯಾಕ್ಟರ್ 0.7ರಷ್ಟು ಇರಬಹುದು, ಆಗ ತಂತಿಯಲ್ಲಿ ಹರಿಯುವುದು 30 ಆಂಪಿಯರ್. ಮನೆಯ ದೊಡ್ಡ ಸಾಕೆಟ್ 16 ಆಂಪಿಯರಿನದು! 20 ಆಂಪಿಯರಿಗೆ ಇಳಿಸಿದರೆ ಇದೇ ಲೆಕ್ಕದಲ್ಲಿ 14 ಆಂಪಿಯರ್ ಸಾಕಾಗುತ್ತದೆ. ಆದರೆ ತೋಟಗಳ ಪಂಪುಗಳು ಒಟ್ಟಿಗೆ ಓಡುವ ಹೊತ್ತಿಗೆ ವೋಲ್ಟೇಜು 190ಕ್ಕೆ ಕುಸಿದರೆ? ಯಂತ್ರ ತನಗೆ ಬೇಕಾದ ಸಾಮರ್ಥ್ಯವನ್ನು ಬಿಡುವುದಿಲ್ಲ, ಹೆಚ್ಚು ಆಂಪಿಯರ್ ಎಳೆಯುತ್ತದೆ; 14 ಇದ್ದದ್ದು 16 ದಾಟುತ್ತದೆ. ಆದ್ದರಿಂದ ಮಲ್ಟಿಮೀಟರ್ ಹಿಡಿದು ಒಂದು ವಾರ ಸಂಜೆಯ ವೋಲ್ಟೇಜು ಬರೆದಿಡು ಎಂದೆ. ವಿದ್ಯಾರ್ಥಿಗಳಿಗೆ ಕೊಡಲೂ ಇದು ಒಳ್ಳೆಯ ಪ್ರಯೋಗ.

ಗಾಳಿಯ ವಿಷಯದಲ್ಲಿ ಕೊಳ್ಳುವವರು ಹೆಚ್ಚು ಎಡವುತ್ತಾರೆ. ಈ ಅಳತೆಯ ಟಾರ್ಚಿಗೆ 4–5 ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 120 ಲೀಟರ್ ಗಾಳಿ ಬೇಕು. 50 ಲೀಟರ್ ಟ್ಯಾಂಕಿಯ ಒತ್ತಡ 8ರಿಂದ 5 ಬಾರ್‌ಗೆ ಇಳಿಯುವಾಗ ಸಿಗುವುದು 150 ಲೀಟರ್, ಒಂದೂಕಾಲು ನಿಮಿಷದ ಕೆಲಸ. ಮುಂದಿನದನ್ನು ಕಂಪ್ರೆಸರೇ ಕೊಡಬೇಕು. ಅದರ ಚೀಟಿಯಲ್ಲಿ ಬರೆದಿರುವುದು ಹೆಚ್ಚಾಗಿ ಪಿಸ್ಟನ್ ಸೆಳೆದುಕೊಳ್ಳುವ ಗಾಳಿ, ಹೊರಗೆ ಕೊಡುವ ಗಾಳಿಯಲ್ಲ. ಪಂಕ್ಚರ್ ಅಂಗಡಿಯ ಸಣ್ಣ ಕಂಪ್ರೆಸರ್ ಸಾಲದು.

ಕರಾವಳಿಯಲ್ಲಿ ಗಾಳಿಯ ಜೊತೆ ನೀರೂ ಬರುತ್ತದೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಗರಿಷ್ಠ 30 ಗ್ರಾಂ ನೀರಾವಿ ಹಿಡಿದಿಡಬಲ್ಲದು. ಆರ್ದ್ರತೆ ಶೇ. 90 ಇದ್ದರೆ 27 ಗ್ರಾಂ. ಅದನ್ನು ಎಂಟನೆಯ ಒಂದು ಗಾತ್ರಕ್ಕೆ ಅದುಮಿ ತಣಿಸಿದಾಗ ಉಳಿಯಬಲ್ಲದ್ದು 4 ಗ್ರಾಂಗೂ ಕಡಿಮೆ. ಮಿಕ್ಕ 23 ಗ್ರಾಂ ನೀರಾಗುತ್ತದೆ. ಒಂದು ಗಂಟೆ ಗಾಳಿ ಹರಿದರೆ 160 ಗ್ರಾಂಗೂ ಮಿಕ್ಕಿ, ಒಂದು ಲೋಟ ನೀರು! ಕಂಪ್ರೆಸರಿನ ಬಾಯಲ್ಲಿ ಗಾಳಿ ಬಿಸಿಯಾಗಿರುವುದರಿಂದ ಅಲ್ಲಿ ಕೂರಿಸಿದ ಫಿಲ್ಟರಿಗೆ ಆವಿ ಸಿಗದು. ಕೆಲವು ಮೀಟರ್ ಲೋಹದ ಪೈಪಿನಲ್ಲಿ ಗಾಳಿ ತಣಿದ ಮೇಲೆ, ಟಾರ್ಚಿನ ಸಮೀಪ, ನೀರು ಬೇರ್ಪಡಿಸುವ ಫಿಲ್ಟರ್ ಇರಬೇಕು. ನೀರು ಒಳಹೊಕ್ಕರೆ ಋಣಾಗ್ರವೂ ನಾಸಲ್ಲೂ ಬೇಗ ಸವೆಯುತ್ತವೆ. ಋಣಾಗ್ರದ ತುದಿಯಲ್ಲಿ ಹ್ಯಾಫ್ನಿಯಂ ಎಂಬ ಧಾತುವಿನ ಸಣ್ಣ ಚುಕ್ಕೆಯಿದೆ. ಟಂಗ್‌ಸ್ಟನ್ ಗಾಳಿಯಲ್ಲಿ ಉತ್ಕರ್ಷಿಸಿ ಹಾಳಾಗುವುದರಿಂದ ಇದನ್ನು ಬಳಸುತ್ತಾರೆ. ಪ್ರತಿ ಸಲ ಚಾಪ ಹೊತ್ತಿಸಿ ಆರಿಸುವಾಗಲೂ ಅದು ಸ್ವಲ್ಪ ಸವೆಯುತ್ತದೆ. ಬಿಡಿಭಾಗಗಳು ಮಂಗಳೂರಿನಲ್ಲಿ ಸಿಗುತ್ತವೆಯೇ ಎಂದು ಯಂತ್ರ ಕೊಳ್ಳುವ ಮೊದಲೇ ವಿಚಾರಿಸಬೇಕು.

ತುಕ್ಕು, ಬಣ್ಣ ಹಿಡಿದ ತಗಡಿಗೆ ಪೈಲಟ್ ಆರ್ಕ್ ಇರುವ ಯಂತ್ರವೇ ಬೇಕು. ಅದರಲ್ಲಿ ಚಾಪ ಮೊದಲು ಟಾರ್ಚಿನೊಳಗೇ ಹೊತ್ತಿ, ಆಮೇಲೆ ತಗಡಿಗೆ ಹಾರುತ್ತದೆ. ಅಧಿಕ ಆವೃತ್ತಿಯ ಕಿಡಿಯಿಂದ ಹೊತ್ತುವ ಯಂತ್ರಗಳು ಸಮೀಪದ ಎಲೆಕ್ಟ್ರಾನಿಕ್ ಉಪಕರಣಗಳಿಗೆ ಕಾಟ ಕೊಡುತ್ತವೆ. ಗಾಳಿಯ ಒತ್ತಡದಿಂದ ಋಣಾಗ್ರ ಹಿಂದೆ ಸರಿದು ಹೊತ್ತುವ ಬಗೆ ಮೇಲು. ಡ್ಯೂಟಿ ಸೈಕಲ್ ಶೇ. 60 ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಕೆಲಸ, ಅಷ್ಟೆ. ಕರಪತ್ರದ 12 ಮಿ.ಮೀ. ಎಂಬುದು ಹೇಗೋ ತುಂಡರಿಸಬಹುದಾದ ದಪ್ಪ. ನಯವಾದ ಕೊಯ್ತ ಬೇಕಾದರೆ ಅದರ ಅರ್ಧ ಎಂದುಕೊಳ್ಳಿ. ಜೀಪಿಗೆ ಅಷ್ಟೇ ಧಾರಾಳವಾಯಿತು: ಮೈ ತಗಡು ಒಂದು ಮಿಲಿಮೀಟರಿನ ಆಚೀಚೆ, ಷಾಸಿ ಕೆಲವೇ ಮಿಲಿಮೀಟರ್.

ನೆಟ್ಟಗಿನ ಗೆರೆಗಳಷ್ಟೇ ಇದ್ದರೆ ತೆಳು ಡಿಸ್ಕಿನ ಗ್ರೈಂಡರ್ ಸಾಕು ಎಂಬುದು ನನ್ನ ಅಭಿಪ್ರಾಯ. ಪ್ಲಾಸ್ಮಾ ಬೇಕಾಗುವುದು ವಕ್ರರೇಖೆಗಳಿಗೆ, ಡಿಸ್ಕು ತಲುಪದ ಮೂಲೆಗಳಿಗೆ.

ಅಪಾಯದ ಮಾತು ಹೇಳದಿದ್ದರೆ ತಪ್ಪಾದೀತು. ಚಾಪದ ಅತಿನೇರಳೆ ಕಿರಣಗಳಿಗೆ ತಕ್ಕ ಕಪ್ಪು ಗಾಜು ಬೇಕು. 20ರಿಂದ 40 ಆಂಪಿಯರಿಗೆ 5ನೆಯ ಸಂಖ್ಯೆಯದು. ಟಾರ್ಚಿನ ತುದಿಯಲ್ಲಿ ಚಾಪವಿಲ್ಲದಾಗ 250 ವೋಲ್ಟಿಗೂ ಮೀರಿದ ನೇರ ವಿದ್ಯುತ್ ಇರಬಹುದು, ಆದ್ದರಿಂದ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬಾರದು. ಸತು ಲೇಪಿಸಿದ ತಗಡಿನಿಂದ ಏಳುವ ಬಿಳಿ ಹೊಗೆ ಜ್ವರ ತರಿಸುತ್ತದೆ. ಕೊಯ್ಯುವ ಮೊದಲು ಬ್ಯಾಟರಿ ಕಳಚಬೇಕು. ತಗಡಿನ ಹಿಂಬದಿಯ ರೆಗ್ಸಿನ್, ವೈರು, ಗ್ರೀಸುಗಳನ್ನು ತೆಗೆಯಬೇಕು. ಕಿಡಿ ಬೀಳುವುದು ನಮಗೆ ಕಾಣದ ಆ ಬದಿಗೇ. ಖಾಲಿ ಟ್ಯಾಂಕಿಯಲ್ಲಿ ಇಂಧನದ ಆವಿಯೂ ಗಾಳಿಯೂ ಬೆರೆತಿರುವುದರಿಂದ ಅದು ತುಂಬಿದ ಟ್ಯಾಂಕಿಗಿಂತ ಹೆಚ್ಚು ಅಪಾಯಕಾರಿ.

ಒಂದು ವಾರದ ಮೇಲೆ ಅವನು ವೋಲ್ಟೇಜಿನ ಪಟ್ಟಿ ತಂದ. ರಾತ್ರಿ ಏಳಕ್ಕೆ 188, ಬೆಳಿಗ್ಗೆ ಹತ್ತಕ್ಕೆ 224. ಪ್ರತ್ಯೇಕ 32 ಆಂಪಿಯರ್ ಲೈನು ಮತ್ತು ಒಳ್ಳೆಯ ಅರ್ತಿಂಗಿಗೆ ಎಲೆಕ್ಟ್ರಿಷಿಯನ್‌ಗೆ ಹೇಳಿದ್ದಾನಂತೆ. ಯಂತ್ರ ಮಳೆ ಬಿಟ್ಟ ಮೇಲೆ. "ಅಷ್ಟರವರೆಗೆ ಗ್ರೈಂಡರಿನಲ್ಲೇ ನೆಲ ಬಿಚ್ಚುತ್ತೇನೆ ಸರ್" ಎಂದ. ಡೀಸೆಲ್ ಟ್ಯಾಂಕಿಯನ್ನು ಮಾತ್ರ ಆಗಲೇ ಕಳಚಿ ತೋಟದ ಆ ಬದಿಗೆ ಇಟ್ಟು ಬಂದಿದ್ದ.