ಪಕ್ಕದ ಬೆಂಚೇ ಪ್ರಯೋಗಶಾಲೆ

ಪಿಯುಸಿ ಫಲಿತಾಂಶ ಹೊರಬಿದ್ದ ಮೇಲೆ ಮನೆಮನೆಯಲ್ಲೂ ನಡೆಯುವ ಲೆಕ್ಕಾಚಾರದಲ್ಲಿ ಸಮಾಜಶಾಸ್ತ್ರದ ಹೆಸರು ಬರುವುದು ಸಾಮಾನ್ಯವಾಗಿ ಕೊನೆಯಲ್ಲಿ. ‘ಅದರಲ್ಲಿ ಓದುವುದೇನಿದೆ? ಲ್ಯಾಬೂ ಇಲ್ಲ, ಲೆಕ್ಕವೂ ಇಲ್ಲ’ ಎನ್ನುವ ತಂದೆ ತಾಯಿಯರೇ ಹೆಚ್ಚು. ಆದರೆ ಲ್ಯಾಬ್ ಇಲ್ಲ ಎಂಬ ಮಾತು ನಿಜವಲ್ಲ. ತರಗತಿಯ ಬೆಂಚು, ಹಾಸ್ಟೆಲಿನ ಊಟದ ಸಾಲು, ಬೆಳಗಿನ ಬಸ್ಸು, ಕ್ಯಾಂಟೀನಿನ ಮೇಜು ಇವೆಲ್ಲ ಅದರ ಪ್ರಯೋಗಶಾಲೆಗಳು. ಅಲ್ಲಿ ಪದವಿ ವಿದ್ಯಾರ್ಥಿ ತಾನೇ ಸಂಶೋಧಕ, ತಾನೇ ಅಧ್ಯಯನದ ವಸ್ತು.

‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂಬ ಗಾದೆ ಹೇಳಿ ಮಕ್ಕಳನ್ನು ಎಚ್ಚರಿಸದ ಹಿರಿಯರಿಲ್ಲ. ಆ ಗಾದೆ ಎಷ್ಟರ ಮಟ್ಟಿಗೆ ನಿಜ ಎಂದು ಅಳೆದು ನೋಡಿದವರೂ ಇದ್ದಾರೆ.

ಮನೆಯ ಮಾತು, ಗೆಳತಿಯರ ಮಾತು

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ 1932ರಲ್ಲಿ ಬೆನ್ನಿಂಗ್ಟನ್ ಎಂಬ ಮಹಿಳಾ ಕಾಲೇಜು ಆರಂಭವಾಯಿತು. ಅಲ್ಲಿಗೆ ಸೇರುತ್ತಿದ್ದವರಲ್ಲಿ ಹೆಚ್ಚಿನವರು ಸಿರಿವಂತರ, ಸಂಪ್ರದಾಯವಾದಿಗಳ ಮಕ್ಕಳು; ಪಾಠ ಹೇಳುತ್ತಿದ್ದವರಲ್ಲಿ ಹೆಚ್ಚಿನವರು ಉದಾರವಾದಿಗಳು. ಅಲ್ಲಿನ ಅಧ್ಯಾಪಕ ಥಿಯೋಡರ್ ನ್ಯೂಕಂಬ್ 1935ರಿಂದ 1939ರವರೆಗೆ ಈ ವಿದ್ಯಾರ್ಥಿನಿಯರ ಅಭಿಪ್ರಾಯಗಳನ್ನು ವರ್ಷ ವರ್ಷವೂ ದಾಖಲಿಸುತ್ತ ಹೋದರು.

1936ರ ಅಧ್ಯಕ್ಷೀಯ ಚುನಾವಣೆ ಅವರಿಗೆ ಒಳ್ಳೆಯ ಅಳತೆಗೋಲಾಯಿತು. ಮೊದಲ ವರ್ಷದವರಲ್ಲಿ ನೂರಕ್ಕೆ 62 ಮಂದಿ ತಮ್ಮ ತಂದೆ ತಾಯಿಯರಂತೆಯೇ ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಕಡೆಗಿದ್ದರು. ಮೂರು ಮತ್ತು ನಾಲ್ಕನೇ ವರ್ಷದವರಲ್ಲಿ ಆ ಪ್ರಮಾಣ ಕೇವಲ 15. ಎರಡನೇ ವರ್ಷದವರು ಇವರಿಬ್ಬರ ನಡುವೆ ನಿಂತಿದ್ದರು.

ಇದು ಬರೀ ಪಾಠದ ಪ್ರಭಾವವೆ? ನ್ಯೂಕಂಬ್ ಇನ್ನೊಂದು ಪ್ರಶ್ನೆ ಕೇಳಿದ್ದರು: ಈ ಕಾಲೇಜನ್ನು ಹೊರಗೆ ಪ್ರತಿನಿಧಿಸಲು ಯಾರು ಯೋಗ್ಯರು? ಹೆಚ್ಚು ಜನ ಹೆಸರಿಸಿದ ಹುಡುಗಿಯರು ಹಳೆಯ ಅಭಿಪ್ರಾಯಗಳನ್ನು ಬಿಟ್ಟವರೇ ಆಗಿದ್ದರು. ಕಾಲೇಜಿನಲ್ಲಿ ಮನ್ನಣೆ ಬೇಕೆಂದರೆ ಹೊಸ ಅಭಿಪ್ರಾಯ ಬೇಕಿತ್ತು. ಮನೆಯ ನಂಟನ್ನೇ ಗಟ್ಟಿಯಾಗಿ ಹಿಡಿದುಕೊಂಡವರು, ಸಣ್ಣ ಗುಂಪಿನೊಳಗೇ ಉಳಿದವರು ಹೆಚ್ಚು ಬದಲಾಗಲಿಲ್ಲ. ಅಂದರೆ ಅಭಿಪ್ರಾಯ ಬದಲಾಗುವುದು ಪುಸ್ತಕದಿಂದಷ್ಟೇ ಅಲ್ಲ. ಯಾರ ಮೆಚ್ಚುಗೆ ಬೇಕು ಎಂಬುದರಿಂದಲೂ ಹೌದು. 1960ರ ದಶಕದಲ್ಲಿ ಅದೇ ಮಹಿಳೆಯರನ್ನು ಹುಡುಕಿ ಮಾತನಾಡಿಸಿದಾಗ, ಬಹುಪಾಲು ಮಂದಿಯಲ್ಲಿ ಕಾಲೇಜಿನಲ್ಲಿ ಮೂಡಿದ ಒಲವು ಹಾಗೆಯೇ ಉಳಿದಿತ್ತು.

ಪೋಷಕರಿಗೆ ಇದರಲ್ಲಿ ಒಂದು ಸಮಾಧಾನವೂ ಉಂಟು, ಒಂದು ಎಚ್ಚರಿಕೆಯೂ ಉಂಟು. ಮಗಳು ಬದಲಾದಳೆಂದರೆ ಕೆಟ್ಟಳು ಎಂದಲ್ಲ. ಆದರೆ ಆಕೆಯ ಸುತ್ತ ಯಾರಿದ್ದಾರೆ ಎಂಬುದು ಅಂಕಪಟ್ಟಿಯಷ್ಟೇ ಮುಖ್ಯ.

ಅಕ್ಷರಮಾಲೆ ತಂದ ಗೆಳೆತನ

ನಮ್ಮ ದೇಶದ್ದೇ ಆದ ಇನ್ನೊಂದು ಉದಾಹರಣೆ ಇದೆ. ಸರ್ಕಾರದಿಂದ ರಿಯಾಯಿತಿ ದರದಲ್ಲಿ ಜಾಗ ಪಡೆದ ದೆಹಲಿಯ ಖಾಸಗಿ ಶಾಲೆಗಳು 2007ರಿಂದ ಬಡ ಮಕ್ಕಳಿಗೂ ಸೀಟು ಕೊಡಬೇಕಾಯಿತು. ‘ನಮ್ಮ ಮಕ್ಕಳ ಓದು ಹಾಳಾಗುತ್ತದೆ’ ಎಂಬ ಆತಂಕ ಉಳ್ಳವರಲ್ಲಿ ಎದ್ದಿತು. ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಇದನ್ನೇ ಪರೀಕ್ಷಿಸಿದರು. ಕೆಲವು ಶಾಲೆಗಳಲ್ಲಿ ಹೆಸರಿನ ಅಕ್ಷರಾನುಕ್ರಮದಲ್ಲಿ ಓದಿನ ಗುಂಪುಗಳನ್ನು ಮಾಡುತ್ತಿದ್ದರು. ಯಾರ ಜೊತೆ ಯಾರು ಎಂಬುದನ್ನು ಅಂತಸ್ತು ನಿರ್ಧರಿಸಲಿಲ್ಲ, ಅಕ್ಷರ ನಿರ್ಧರಿಸಿತು. ಸಂಶೋಧಕನಿಗೆ ಬೇಕಾಗಿದ್ದೂ ಅದೇ.

2019ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಬಡ ಸಹಪಾಠಿಗಳ ಜೊತೆ ಕಲಿತ ಸಿರಿವಂತ ಮಕ್ಕಳು ಹೆಚ್ಚು ಉದಾರಿಗಳಾದರು. ಓಟದ ಪಂದ್ಯಕ್ಕೆ ಜೊತೆಗಾರರನ್ನು ಆರಿಸುವಾಗ ಬಡವ–ಬಲ್ಲಿದ ಭೇದವನ್ನು ಕಡಿಮೆ ಮಾಡಿದರು. ಅಂಕಗಳಲ್ಲಿ ಇಂಗ್ಲಿಷಿನಲ್ಲಿ ಮಾತ್ರ ಕೊಂಚ ಇಳಿಕೆ ಕಂಡಿತು; ಹಿಂದಿ, ಗಣಿತಗಳಲ್ಲಿ ವ್ಯತ್ಯಾಸವಾಗಲಿಲ್ಲ.

ಕೇಳುವ ಬಗೆ

ಹಾಗಾದರೆ ಜಿಲ್ಲಾ ಕೇಂದ್ರದ ಅಥವಾ ತಾಲ್ಲೂಕಿನ ಕಾಲೇಜಿನಲ್ಲಿ ಬಿ.ಎ. ಓದುವವರು ಏನು ಮಾಡಬಹುದು? ದೊಡ್ಡ ಹಣ, ಕಂಪ್ಯೂಟರ್ ಬೇಕಿಲ್ಲ. ಒಂದು ಸೆಕ್ಷನ್ನಿನ ನಲವತ್ತು ಮಂದಿ, ಒಂದು ನೋಟ್‌ಬುಕ್, ಒಂದೇ ಒಂದು ಸ್ಪಷ್ಟ ಪ್ರಶ್ನೆ ಸಾಕು.

ಆದರೆ ಪ್ರಶ್ನೆ ಕೇಳುವ ಬಗೆಯಲ್ಲೇ ಎಲ್ಲವೂ ಇದೆ. ‘ನೀವು ಜಾತಿ ನೋಡುತ್ತೀರಾ?’ ಎಂದು ಕೇಳಿದರೆ ನಲವತ್ತಕ್ಕೆ ನಲವತ್ತು ಮಂದಿಯೂ ಇಲ್ಲವೆನ್ನುತ್ತಾರೆ. ಅದರ ಬದಲು ಹೀಗೆ ಕೇಳಬೇಕು: ಕಳೆದ ವಾರ ಡಬ್ಬಿಯ ಊಟ ಯಾರ ಜೊತೆ ಹಂಚಿಕೊಂಡಿರಿ? ನೋಟ್ಸ್ ಯಾರಿಂದ ಪಡೆದಿರಿ? ಈ ವರ್ಷ ಯಾವ ಸಹಪಾಠಿಯ ಮನೆಗೆ ಹೋಗಿದ್ದಿರಿ? ಅಭಿಪ್ರಾಯಕ್ಕಿಂತ ನಡವಳಿಕೆ ಹೆಚ್ಚು ಹೇಳುತ್ತದೆ.

ಮಾತಿಗೂ ಕೃತಿಗೂ ಇರುವ ಅಂತರವನ್ನು ಅಮೆರಿಕದ ರಿಚರ್ಡ್ ಲಾಪಿಯರ್ 1934ರಲ್ಲೇ ತೋರಿಸಿದ್ದರು. ಚೀನೀ ದಂಪತಿಯೊಬ್ಬರ ಜೊತೆ ಅವರು 250ಕ್ಕೂ ಹೆಚ್ಚು ಹೋಟೆಲು, ವಸತಿಗೃಹಗಳಿಗೆ ಹೋದರು. ಒಂದೇ ಕಡೆ ‘ಜಾಗವಿಲ್ಲ’ ಎಂದರು. ಬಳಿಕ ಅವೇ ಸ್ಥಳಗಳಿಗೆ ‘ಚೀನೀಯರಿಗೆ ಅವಕಾಶ ಕೊಡುತ್ತೀರಾ?’ ಎಂದು ಪತ್ರ ಬರೆದಾಗ, ಉತ್ತರಿಸಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಇಲ್ಲವೆಂದರು.

ನಡವಳಿಕೆಯ ಉತ್ತರಗಳನ್ನು ಚಿತ್ರವಾಗಿಸುವ ವಿಧಾನ ಜೇಕಬ್ ಮೊರೆನೊ ಅವರದು. 1930ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬಲ್ಲಿನ ಬಾಲಕಿಯರ ಸುಧಾರಣಾ ಶಾಲೆಯಿಂದ ಎರಡೇ ವಾರಗಳಲ್ಲಿ ಹದಿನಾಲ್ಕು ಹುಡುಗಿಯರು ಓಡಿಹೋದರು. ಯಾರು ಯಾರ ಜೊತೆ ಇರಲು ಬಯಸುತ್ತಾರೆ ಎಂದು ಕೇಳಿ, ಒಬ್ಬೊಬ್ಬರಿಗೆ ಒಂದೊಂದು ಸೊನ್ನೆ ಬರೆದು, ಬಾಣಗಳಿಂದ ಜೋಡಿಸಿದಾಗ, ಓಡಿಹೋಗುವ ಯೋಚನೆ ಗೆಳೆತನದ ಎಳೆ ಹಿಡಿದೇ ಹರಡಿದ್ದು ಕಂಡಿತು. ಇಂಥ ಚಿತ್ರವನ್ನು ಯಾವ ತರಗತಿಗೂ ಬರೆಯಬಹುದು. ಯಾವ ಬಾಣವೂ ತಲುಪದ ಸೊನ್ನೆಯನ್ನು ಅದರಲ್ಲಿ ಮೊದಲು ನೋಡಬೇಕು. ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ಯಾರಿಗೂ ಬೇಡವಾದ ವಿದ್ಯಾರ್ಥಿ ಅಲ್ಲಿದ್ದಾನೆ.

ಕೈಗೆಟಕುವ ವಿಷಯಗಳು

ನಮ್ಮ ನೆಲದಲ್ಲಿ ವಿಷಯಗಳಿಗೆ ಬರವಿಲ್ಲ. ಹಿಂದೆ ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದುವ ವಾರಾನ್ನದ ಪದ್ಧತಿಯಿತ್ತು. ಯಾವ ಹುಡುಗನಿಗೆ ಯಾವ ಮನೆಯ ಬಾಗಿಲು ತೆರೆಯಿತು, ಯಾರಿಗೆ ತೆರೆಯಲೇ ಇಲ್ಲ, ಆಮೇಲೆ ಬಂದ ಮಠ, ಜಾತಿ ಸಂಘ ಮತ್ತು ಸರ್ಕಾರದ ಹಾಸ್ಟೆಲುಗಳು ಇದನ್ನು ಹೇಗೆ ಬದಲಿಸಿದವು ಎಂದು ಊರಿನ ಹಿರಿಯರನ್ನು ಕೇಳಿ ಬರೆದುಕೊಳ್ಳಬಹುದು. 2023ರ ಜೂನ್‌ನಲ್ಲಿ ಜಾರಿಗೆ ಬಂದ ‘ಶಕ್ತಿ’ ಯೋಜನೆಯ ಉಚಿತ ಬಸ್ ಪ್ರಯಾಣದಿಂದ ಹಳ್ಳಿಯ ಹುಡುಗಿಯರು ದೂರದ ಕಾಲೇಜು ಆರಿಸಿಕೊಂಡರೆ ಎಂದು ಎಣಿಸಬಹುದು. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷಿನ ತರಗತಿಯಲ್ಲಿ ಯಾರನ್ನು ಅನುಮಾನ ಕೇಳುತ್ತಾರೆ? ತರಗತಿಯ ವಾಟ್ಸ್ಆ್ಯಪ್ ಗುಂಪಿನ ಹೊರಗುಳಿದವರು ಯಾರು? ಇವೂ ಸಣ್ಣ ಪ್ರಶ್ನೆಗಳಲ್ಲ.

ಕರ್ನಾಟಕ 2021–22ರಲ್ಲಿ ಅಳವಡಿಸಿಕೊಂಡ ನಾಲ್ಕು ವರ್ಷದ ಪದವಿ ಪದ್ಧತಿಯನ್ನು 2024–25ರಿಂದ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಸಂಶೋಧನೆಗೆಂದೇ ಒಂದು ವರ್ಷ ಸಿಗದಿದ್ದರೂ ಇಂಥ ಕಿರು ಅಧ್ಯಯನಕ್ಕೆ ಒಂದು ಸೆಮಿಸ್ಟರ್ ಸಾಕು. ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿದ ಎಂ.ಎನ್. ಶ್ರೀನಿವಾಸ್ ಅವರ ಮೊದಲ ಪುಸ್ತಕ, 1942ರ ಮೈಸೂರಿನ ಮದುವೆ ಮತ್ತು ಕುಟುಂಬಗಳ ಅಧ್ಯಯನ, ಬೆಳೆದುಬಂದದ್ದು ಬೊಂಬಾಯಿಯಲ್ಲಿ ಎಂ.ಎ.ಗಾಗಿ ಬರೆದ ಪ್ರಬಂಧದಿಂದ. ದೊಡ್ಡ ಸಮಾಜಶಾಸ್ತ್ರಜ್ಞರಾಗುವ ಮುನ್ನ ಅವರೂ ತಮ್ಮ ಸುತ್ತಲಿನ ಬದುಕನ್ನೇ ಕೇಳಿದ ವಿದ್ಯಾರ್ಥಿ.

ಹೆಸರಿನ ಜೋಪಾನ

ಸಹಪಾಠಿಗಳ ಅಧ್ಯಯನದಲ್ಲಿ ಅಪಾಯವೂ ಇದೆ. ಯಾರಿಗೂ ಬೇಡವಾದವನ ಹೆಸರು ಗೋಡೆಯ ಮೇಲಿನ ಚಾರ್ಟಿನಲ್ಲಿ ಕಾಣಿಸಿದರೆ ಆ ಸಂಶೋಧನೆ ಹಿಂಸೆಯೇ. 2008ರಲ್ಲಿ ಅಮೆರಿಕದ ಸಂಶೋಧಕರು ಒಂದು ಕಾಲೇಜಿನ ಇಡೀ ಬ್ಯಾಚಿನ ಫೇಸ್‌ಬುಕ್ ವಿವರಗಳನ್ನು, ಹೆಸರುಗಳನ್ನು ತೆಗೆದು, ಇತರ ಸಂಶೋಧಕರಿಗೆಂದು ಬಿಡುಗಡೆ ಮಾಡಿದರು. ಕೆಲವೇ ದಿನಗಳಲ್ಲಿ ಅದು ಹಾರ್ವರ್ಡ್ ಎಂದು ಹೊರಗಿನವರು ಗುರುತಿಸಿದರು. ಆ ವಿವರಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಹೆಸರು ಅಳಿಸಿದರೆ ಸಾಲದು, ಊರು, ಜಾತಿ, ಕೋರ್ಸು ಮೂರೂ ಸೇರಿದರೆ ಆಸಾಮಿ ಸಿಕ್ಕಿಬೀಳುತ್ತಾನೆ. ಶ್ರೀನಿವಾಸ್ 1948ರಲ್ಲಿ ಅಧ್ಯಯನ ಮಾಡಿದ ಹಳ್ಳಿಯನ್ನು ‘ರಾಮಪುರ’ ಎಂಬ ಬೇರೆ ಹೆಸರಿನಿಂದ ಕರೆದದ್ದರ ಹಿಂದೆ ಇಂಥದೇ ಎಚ್ಚರವಿತ್ತು.

ಆದ್ದರಿಂದ ಮೊದಲು ಒಪ್ಪಿಗೆ ಕೇಳಬೇಕು. ಬೇಡವೆಂದವರನ್ನು ಬಿಡಬೇಕು. ಹೆಸರಿನ ಬದಲು ಸಂಖ್ಯೆ ಬರೆದು, ಸಂಖ್ಯೆಯ ಪಟ್ಟಿಯನ್ನು ಬೇರೆಡೆ ಭದ್ರವಾಗಿಡಬೇಕು. ತಮಗೆ ಇಷ್ಟವಿಲ್ಲದ ಉತ್ತರ ಬಂದರೂ ತಿದ್ದಬಾರದು. ಒಂದೇ ದಿನದ ಎಣಿಕೆಯಿಂದ ‘ಇದರಿಂದಲೇ ಇದಾಯಿತು’ ಎಂದು ತೀರ್ಪು ಕೊಡಬಾರದು. ನ್ಯೂಕಂಬ್ ನಾಲ್ಕು ವರ್ಷ ಕಾದರು.

ಇಂಥ ಅಧ್ಯಯನದಿಂದ ತಕ್ಷಣ ನೌಕರಿ ಸಿಗುತ್ತದೆ ಎನ್ನಲಾಗದು. ಆದರೆ ಕೇಳುವುದು, ಕೇಳಿಸಿಕೊಳ್ಳುವುದು, ಎಣಿಸುವುದು, ಬರೆಯುವುದು ಯಾವ ಕೆಲಸದಲ್ಲೂ ಬೇಕಾಗುವ ವಿದ್ಯೆಗಳು. ಜೊತೆಗೆ ಇನ್ನೊಂದು ಲಾಭವಿದೆ. ಸಂಜೆ ನಾಲ್ಕರ ಬಸ್ಸಿಗೆ ಓಡುವವರಿಗೆ ಕೊನೆಯ ಪೀರಿಯಡ್ಡಿನ ನೋಟ್ಸ್ ಸಿಗುತ್ತಿಲ್ಲ ಎಂದು ಒಂದು ಕಿರು ಅಧ್ಯಯನ ತೋರಿಸಿದರೆ, ಪ್ರಾಂಶುಪಾಲರು ವೇಳಾಪಟ್ಟಿ ಬದಲಿಸಬಹುದು. ಅದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ನಲವತ್ತು ಪ್ರಾಮಾಣಿಕ ಉತ್ತರಗಳು ಸಾಕು.