ಹಳೆಯ ಗಣಕದಿಂದ ಗ್ರಂಥಪಾಠವನ್ನು ಇಳಿಸಿಕೊಳ್ಳುವ ಕ್ರಮ: ಕರ್ಮಿಟ್ ತಂತ್ರಾಂಶದ ಪರಿಚಯ

ಹಸ್ತಪ್ರತಿ ಎಂದೊಡನೆ ಓಲೆಗರಿ, ಕಡತ, ಕೋರಿಕಾಗದಗಳು ಕಣ್ಣ ಮುಂದೆ ನಿಲ್ಲುವುದು ಸಹಜ. ಆದರೆ 1980 ಮತ್ತು 1990ರ ದಶಕಗಳಲ್ಲಿ ಗಣಕಯಂತ್ರದ ಮೇಲೆ ಸಿದ್ಧಪಡಿಸಿದ ಲಿಪ್ಯಂತರಗಳು, ಪಾಠಾಂತರಗಳ ಪಟ್ಟಿಗಳು, ವಿವರಣಾತ್ಮಕ ಸೂಚಿಗಳ ಕರಡುಗಳು ಅಚ್ಚಿಗೆ ಹೋಗದೆ ಆ ಯಂತ್ರಗಳ ಒಡಲಿನಲ್ಲಿಯೇ ಉಳಿದುಬಿಟ್ಟಿರುವುದೂ ಉಂಟು. ಅಂಥ ಪಾಠಕ್ಕೆ ಆ ಯಂತ್ರವೇ ಏಕೈಕ ಪ್ರತಿ. ಫ್ಲಾಪಿ ಓದುವ ಭಾಗ ಕೆಟ್ಟುಹೋಗಿ, ಮುದ್ರಕವೂ ಇಲ್ಲವಾದಾಗ, ಪಾಠವು ಹೊರಬರಲು ಬಹುಮಟ್ಟಿಗೆ ಒಂದೇ ಬಾಗಿಲು ಉಳಿಯುತ್ತದೆ. ಅದು ಯಂತ್ರದ ಹಿಂಬದಿಯಲ್ಲಿರುವ ಸೀರಿಯಲ್ ಪೋರ್ಟ್. ಈ ಬಾಗಿಲಿನಿಂದ ಒಂದಕ್ಷರವೂ ಕೆಡದಂತೆ ಪಾಠವನ್ನು ಇಳಿಸಿಕೊಳ್ಳಲು ನೆರವಾಗುವ ಹಳೆಯ ತಂತ್ರಾಂಶಗಳಲ್ಲಿ ಕರ್ಮಿಟ್ ಎಂಬುದು ಪಂಡಿತರಿಗೆ ಪರಿಚಯವಾಗಬೇಕಾದದ್ದು. (ಗಣಕದಲ್ಲಿ ಒಟ್ಟಾಗಿ ಇರಿಸಿದ ಪಾಠಕ್ಕೂ ಇಂದು ಕಡತವೆಂದೇ ಹೆಸರು. ಹುಣಿಸೆಬೀಜದ ಸರಿ ಬಳಿದ ಬಟ್ಟೆಯ ಕಡತವನ್ನು ಬಲ್ಲವರು ಮುಂದೆ ಈ ಮಾತು ಬಂದಲ್ಲಿ ಹೊಸ ಅರ್ಥವನ್ನೇ ಗ್ರಹಿಸಬೇಕು.)

ಕರ್ಮಿಟ್ ಹುಟ್ಟಿದ್ದು 1981ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ಫ್ರಾಂಕ್ ಡಾ ಕ್ರೂಜ್ ಮತ್ತು ಬಿಲ್ ಕ್ಯಾಚಿಂಗ್ಸ್ ಅದರ ಕರ್ತೃಗಳು. ಅಲ್ಲಿನ ದೊಡ್ಡ ಗಣಕದಲ್ಲಿ ವಿದ್ಯಾರ್ಥಿಗಳ ಕಡತಗಳಿಗೆ ಸ್ಥಳ ಸಾಲದೆ ಹೋದುದರಿಂದ, ಅವನ್ನು ಚಿಕ್ಕ ಗಣಕಗಳ ಮೂಲಕ ಫ್ಲಾಪಿಗಳಿಗೆ ಇಳಿಸಿಕೊಡುವ ಉಪಾಯ ಬೇಕಾಗಿತ್ತು. ಬೇರೆ ಬೇರೆ ಕಂಪನಿಗಳ ಯಂತ್ರಗಳು ಒಂದರ ಮಾತು ಒಂದಕ್ಕೆ ತಿಳಿಯದವು. ಕೆಲವು ಯಂತ್ರಗಳು ಕೆಲವು ಸಂಕೇತಗಳನ್ನು ತಮಗೆ ಕೊಟ್ಟ ಆಜ್ಞೆಯೆಂದೇ ಭಾವಿಸಿ ನಡುವೆಯೇ ನುಂಗಿಬಿಡುತ್ತಿದ್ದವು. ಎಲ್ಲ ಯಂತ್ರಗಳೂ ಒಪ್ಪುವ ಸಾಮಾನ್ಯ ಸಂಕೇತಗಳಲ್ಲಿಯೇ ಎಲ್ಲವನ್ನೂ ಕಳುಹಿಸುವ ನಿಯಮ ಹೀಗೆ ರೂಪುಗೊಂಡಿತು. 1987ರಲ್ಲಿ ಡಾ ಕ್ರೂಜ್ ಇದನ್ನು ಕುರಿತು ಪ್ರಕಟಿಸಿದ ಗ್ರಂಥಕ್ಕೆ ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ಮುನ್ನುಡಿ ಬರೆದಿದ್ದಾರೆ. ವಿಶ್ವವಿದ್ಯಾಲಯವು 2011ರಲ್ಲಿ ಈ ಯೋಜನೆಯನ್ನು ನಿಲ್ಲಿಸಿತು. ಅದೇ ವರ್ಷ ಸಿ-ಕರ್ಮಿಟ್ ಎಂಬ ಅದರ ಮುಖ್ಯ ರೂಪ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ದೊರೆಯುವಂತಾಯಿತು.

ಹೆಸರು ಬಂದದ್ದು ಅಮೆರಿಕದ ಬೊಂಬೆಯಾಟವೊಂದರ ಕಪ್ಪೆಯಿಂದ. ಕಪ್ಪೆಯೆಂದಾಗ ವೈಯಾಕರಣರಿಗೆ ಮಂಡೂಕಪ್ಲುತಿ ನೆನಪಾಗಬಹುದು. ಆದರೆ ನಡುವಿನ ಸೂತ್ರಗಳನ್ನು ಹಾರಿ ಅನುವೃತ್ತಿ ಸಾಗುವಂಥ ನೆಗೆತ ಈ ಕಪ್ಪೆಗಿಲ್ಲ. ಅದು ಪಾಠವನ್ನು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಕಟ್ಟಿ, ಒಂದನ್ನು ಕಳುಹಿಸಿ, ಅದು ತಲುಪಿತೆಂಬ ಮರುಮಾತು ಬರುವವರೆಗೆ ನಿಂತು, ಆಮೇಲೆ ಮುಂದಿನದನ್ನು ಕಳುಹಿಸುತ್ತದೆ. ತಲುಪಿದ್ದು ಕೆಟ್ಟಿದ್ದರೆ ಅದೇ ಪೊಟ್ಟಣ ಮತ್ತೊಮ್ಮೆ ಹೊರಡುತ್ತದೆ. ಹಲವು ಪೊಟ್ಟಣಗಳನ್ನು ಒಮ್ಮೆಗೇ ಕಳುಹಿಸುವ ಅನುಕೂಲ ಮುಂದೆ ಸೇರಿತಾದರೂ ಒಂದೊಂದಕ್ಕೂ ಮರುಮಾತು ಪಡೆಯುವ ನಿಯಮ ಸಡಿಲವಾಗಲಿಲ್ಲ.

ಪೊಟ್ಟಣದ ರಚನೆ ಸರಳ. ಮೊದಲು ಆರಂಭದ ಗುರುತು, ಬಳಿಕ ಉದ್ದ, ಕ್ರಮಸಂಖ್ಯೆ, ಪೊಟ್ಟಣದ ಜಾತಿ, ಅನಂತರ ಪಾಠ, ಕೊನೆಯಲ್ಲಿ ತಾಳೆಸಂಖ್ಯೆ. ಗಣಕದಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯುಂಟು. 0ಯಿಂದ 31ರವರೆಗಿನವು ಆಜ್ಞಾಸಂಕೇತಗಳಾದುದರಿಂದ ಉದ್ದವನ್ನೂ ಕ್ರಮಸಂಖ್ಯೆಯನ್ನೂ ತಾಳೆಸಂಖ್ಯೆಯನ್ನೂ 32 ಕೂಡಿಸಿಯೇ ಕಳುಹಿಸುತ್ತಾರೆ. ಕ್ರಮಸಂಖ್ಯೆ ಓಲೆಯ ಪತ್ರಾಂಕವಿದ್ದಂತೆ. ಗರಿಯೊಂದು ತಪ್ಪಿಹೋದರೂ ಎರಡು ಸಲ ಬಂದರೂ ಅದರಿಂದ ತಿಳಿಯುತ್ತದೆ.

ತಾಳೆಸಂಖ್ಯೆಯನ್ನು ಪಂಡಿತರು ತಮ್ಮ ಗ್ರಂಥಾಗ್ರದ ಸಹಾಯದಿಂದಲೇ ಅರಿಯಬಹುದು. 32 ಅಕ್ಷರಗಳಿಗೆ ಒಂದು ಗ್ರಂಥದಂತೆ ಎಣಿಸಿ, ಕೃತಿಯ ಕೊನೆಯಲ್ಲಿ ಮೊತ್ತವನ್ನು ನಮೂದಿಸುವ ಪದ್ಧತಿ ಪ್ರಸಿದ್ಧ. ಪ್ರತಿಯಲ್ಲಿ ಲೋಪವೋ ಪ್ರಕ್ಷೇಪವೋ ಆಗಿದ್ದರೆ ಎಣಿಕೆ ಹೊಂದುವುದಿಲ್ಲ. ಆದರೆ ಗ್ರಂಥಾಗ್ರವು ಅಕ್ಷರಗಳೆಷ್ಟೆಂದು ಹೇಳೀತೇ ಹೊರತು ಯಾವುವೆಂದು ಹೇಳಲಾರದು. ಕರ್ಮಿಟ್ ಅಕ್ಷರಗಳ ಸಂಖ್ಯಾಮೌಲ್ಯಗಳನ್ನೇ ಕೂಡುವುದರಿಂದ ಒಂದು ಹೆಜ್ಜೆ ಮುಂದಿದೆ.

ಇಲ್ಲಿ ಒಂದು ಉದಾಹರಣೆ ಬೇಕು. ಭಾರತೀಯ ಲಿಪಿಗಳಿಗೆಂದು 1991ರಲ್ಲಿ ಪ್ರಮಾಣವಾದ ಇಸ್ಕಿ ಸಂಕೇತದಲ್ಲಿ 'ಜ' 186, ಇಕಾರದ ಗುಡಿಸು 219, 'ನ' 198. ಹಳೆಯ ತಂತಿಮಾರ್ಗಗಳಲ್ಲಿ ಕೆಲವು 127ಕ್ಕಿಂತ ಹೆಚ್ಚಿನ ಸಂಖ್ಯೆಯನ್ನು ಒಯ್ಯಲಾರದೆ ಮೇಲಿನ 128ನ್ನು ಕತ್ತರಿಸಿಬಿಡುತ್ತವೆ. ಆಗ 'ಜಿನ' ಎಂಬುದು 58, 91, 70 ಎಂದಾಗಿ, ವಿವರಣ ಚಿಹ್ನೆ, ಚೌಕಾವರಣ, ಇಂಗ್ಲಿಷಿನ 'ಎಫ್' ಅಕ್ಷರ ಎಂದು ಮೂಡುತ್ತದೆ. 'ಕ' ಎಂಬುದು 3 ಎಂಬ ಅಂಕೆಯಾಗುತ್ತದೆ. ಮೂಲದಲ್ಲಿ ಶ್ಲೋಕಸಂಖ್ಯೆಗಳೂ ಇದ್ದರೆ, ಯಾವ 3 ಅಂಕೆ, ಯಾವ 3 ಕಕಾರವೆಂದು ಆಮೇಲೆ ವಿಂಗಡಿಸುವ ಖಚಿತ ದಾರಿಯಿಲ್ಲ. ಇದನ್ನು ತಪ್ಪಿಸಲು ಕರ್ಮಿಟ್ ಅಂಥ ಪ್ರತಿ ಅಕ್ಷರದ ಹಿಂದೆಯೂ 38 ಎಂಬ ಗುರುತನ್ನು ಇರಿಸಿ ಕಳುಹಿಸುತ್ತದೆ. ಪಡೆಯುವ ಕಡೆ ಆ ಗುರುತು ಕಂಡೊಡನೆ 128ನ್ನು ಮರಳಿ ಕೂಡಿಸುತ್ತದೆ.

ಹೀಗೆ 'ಜಿನ' ಮಾತ್ರವಿರುವ, 2ನೆಯ ಕ್ರಮಸಂಖ್ಯೆಯ ಪೊಟ್ಟಣವನ್ನು ಲೆಕ್ಕ ಹಾಕಿ ನೋಡಬಹುದು. ಉದ್ದ 9, ಕಳುಹಿಸುವುದು 41. ಕ್ರಮಸಂಖ್ಯೆ 2, ಕಳುಹಿಸುವುದು 34. ಪಾಠದ ಪೊಟ್ಟಣವೆಂಬ ಜಾತಿಸೂಚಕ 68. ಪಾಠ 38, 58, 38, 91, 38, 70. ಎಲ್ಲದರ ಮೊತ್ತ 476. ಇದರಲ್ಲಿ 256ನ್ನು ಕಳೆದರೆ 220. ಅದರಲ್ಲಿ 64 ಮೂರು ಬಾರಿ ಅಡಗಿದೆ. ಆ 3ನ್ನು 476ಕ್ಕೆ ಕೂಡಿಸಿದರೆ 479. 64ರಿಂದ ಭಾಗಿಸಿದರೆ ಶೇಷ 31. ಅದಕ್ಕೆ 32 ಸೇರಿಸಿದ 63 ಎಂಬುದೇ ತಾಳೆಸಂಖ್ಯೆ. ಪಡೆಯುವ ಯಂತ್ರವೂ ಇದೇ ಗಣಿತವನ್ನು ಮಾಡಿ, 63 ಬರದಿದ್ದರೆ ಪೊಟ್ಟಣವನ್ನು ತಿರಸ್ಕರಿಸುತ್ತದೆ.

ಇಷ್ಟಾದರೂ ಒಂದು ಬಿರುಕು ಉಳಿಯಿತು. 'ಜಿನ' ಮತ್ತು 'ನಿಜ' ಎಂಬೆರಡು ಪದಗಳ ಸಂಖ್ಯೆಗಳು ಅವೇ ಮೂರು, ಕ್ರಮ ಮಾತ್ರ ಬೇರೆ. ಕೂಡಿದರೆ ಮೊತ್ತ ಒಂದೇ, ತಾಳೆಸಂಖ್ಯೆಯೂ ಒಂದೇ. ತಂತಿಯಲ್ಲಿ ಅಕ್ಷರಗಳು ಹೀಗೆ ಸ್ಥಾನಪಲ್ಲಟಗೊಳ್ಳುವುದು ಅಪರೂಪ. ಆದರೆ ಒಂದು ಅಕ್ಷರದಲ್ಲಿ ಏರಿದ್ದು ಇನ್ನೊಂದರಲ್ಲಿ ಇಳಿದು ಮೊತ್ತ ಸರಿಯಾಗಿಬಿಡುವ ಸಂಭವ ಇಲ್ಲದಿಲ್ಲ. ಅದಕ್ಕಾಗಿ ಅಕ್ಷರದ ಸ್ಥಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ, ಮೂರನೆಯ ಬಗೆಯೆಂದು ಕರೆಯುವ ಬಲವಾದ ತಾಳೆಯೂ ಕರ್ಮಿಟಿನಲ್ಲಿದೆ. 'ಸೆಟ್ ಬ್ಲಾಕ್-ಚೆಕ್ 3' ಎಂದು ಎರಡೂ ಕಡೆ ಆದೇಶಿಸಬೇಕು. ಎರಡೂ ಕಡೆ ಒಪ್ಪಂದವಾಗದಿದ್ದರೆ ತಂತ್ರಾಂಶ ಸದ್ದಿಲ್ಲದೆ ಮೊದಲನೆಯ ಬಗೆಗೆ ಇಳಿದುಬಿಡುತ್ತದೆ. ಗ್ರಂಥಪಾಠದ ಕೆಲಸದಲ್ಲಿ ಈ ಆದೇಶವನ್ನು ಬಿಡತಕ್ಕದ್ದಲ್ಲ.

ಇದಕ್ಕಿಂತಲೂ ದೊಡ್ಡ ಅಪಾಯ ಬೇರೊಂದಿದೆ. ಕರ್ಮಿಟ್ ಕಡತವನ್ನು ಎರಡು ರೀತಿಯಲ್ಲಿ ಒಯ್ಯಬಲ್ಲದು. ಪಠ್ಯರೀತಿಯಲ್ಲಿ ಅದು ಸಾಲುಗಳ ಕೊನೆಯ ಗುರುತನ್ನು ಹೊಸ ಯಂತ್ರದ ರೂಢಿಗೆ ಬದಲಿಸುತ್ತದೆ. ಅಕ್ಷರಸಂಕೇತವನ್ನೂ ಬದಲಿಸೆಂದರೆ ಬದಲಿಸುತ್ತದೆ. ಬೈನರಿ ರೀತಿಯಲ್ಲಿ ಇದ್ದದ್ದನ್ನು ಇದ್ದಂತೆಯೇ ಒಯ್ಯುತ್ತದೆ. ಕನ್ನಡ ಪಾಠವೂ ಪಠ್ಯವೇ ತಾನೆ ಎಂದು ಪಠ್ಯರೀತಿಯನ್ನು ಆರಿಸುವ ಪ್ರಲೋಭನೆ ಹುಟ್ಟುತ್ತದೆ. ಇಸ್ಕಿಯಲ್ಲಿ ಕಕಾರವಾಗಿರುವ 179 ಅಮೆರಿಕದ ಪಿಸಿಯ ಸಂಕೇತದಲ್ಲಿ ಕೋಷ್ಟಕದ ಲಂಬರೇಖೆ. ಐರೋಪ್ಯ ಭಾಷೆಗಳ ಲ್ಯಾಟಿನ್-1 ಸಂಕೇತದಲ್ಲಿ ಅಂಥ ರೇಖೆಯೇ ಇಲ್ಲ. ಸಂಕೇತಪರಿವರ್ತನೆ ಜಾರಿಯಲ್ಲಿದ್ದರೆ ಹೀಗೆ ಸಮಾನರೂಪವಿಲ್ಲದ ಹಲವು ಅಕ್ಷರಗಳು ಒಂದೇ ಬದಲಿಚಿಹ್ನೆಯಾಗಿ ಬಿದ್ದು, ಮೂಲ ಯಾವುದೆಂದು ಊಹಿಸಲೂ ಆಗದ ಸ್ಥಿತಿ ಒದಗುತ್ತದೆ. ಇಲ್ಲಿ ತಾಳೆಸಂಖ್ಯೆ ಕಾಪಾಡಲಾರದು. ಬದಲಾದ ಪಾಠವೇ ಪೊಟ್ಟಣದಲ್ಲಿ ಸರಿಯಾಗಿ ತಲುಪಿರುತ್ತದೆ!

ಮೂಡಬಿದಿರೆಯ ಧವಲಾದಿ ಗ್ರಂಥಗಳು ಹಳಗನ್ನಡ ಲಿಪಿಯ ಓಲೆಗಳಿಂದ ನಾಗರಿಗೆ ಬಂದ ವೃತ್ತಾಂತ ಪಂಡಿತರಿಗೆ ತಿಳಿದದ್ದೇ. ಪ್ರತಿ ಮಾಡುವುದೂ ಲಿಪಿ ಬದಲಿಸುವುದೂ ಒಂದೇ ಕೈಯಲ್ಲಿ ಒಮ್ಮೆಗೇ ನಡೆದಾಗ, ಮುಂದೆ ಕಂಡುಬರುವ ಸ್ಖಾಲಿತ್ಯವು ಓದಿನದೋ ಲಿಪ್ಯಂತರದ್ದೋ ಎಂದು ಓಲೆಯನ್ನೇ ಮತ್ತೆ ನೋಡದೆ ನಿರ್ಣಯಿಸಲಾಗದು. ಹಳೆಯ ಗಣಕದ ವಿಷಯದಲ್ಲಿ ಮತ್ತೆ ನೋಡಲು ಓಲೆ ಉಳಿದಿರುತ್ತದೆಂಬ ಭರವಸೆಯೂ ಇಲ್ಲ. ಆದುದರಿಂದ ಮೊದಲು ಬೈನರಿ ರೀತಿಯಲ್ಲಿ ಯಥಾಪ್ರತಿಯನ್ನು ಇಳಿಸಿಕೊಂಡು, ಅದನ್ನು ಮುಟ್ಟದೆ ತೆಗೆದಿರಿಸಿ, ಯೂನಿಕೋಡಿಗೆ ಪರಿವರ್ತಿಸುವ ಕೆಲಸವನ್ನು ಅದರ ನಕಲಿನ ಮೇಲೆ ಪ್ರತ್ಯೇಕವಾಗಿ ಮಾಡತಕ್ಕದ್ದು. ಇಸ್ಕಿಯಲ್ಲಿ 179 ಎಂಬುದು ಕನ್ನಡಕ್ಕೂ ನಾಗರಿಗೂ ಕಕಾರವೇ. ಲಿಪಿ ಯಾವುದೆಂದು ಹೇಳುವ ಗುರುತು ಬೇರೆ ಇರುತ್ತದೆ, ಇಲ್ಲದೆಯೂ ಇರಬಹುದು. ಹಳೆಯ ವರ್ಡ್‌ಸ್ಟಾರ್ ತಂತ್ರಾಂಶವಂತೂ ಪದದ ಕೊನೆಯ ಅಕ್ಷರಕ್ಕೆ 128ನ್ನು ಕೂಡಿಸಿಡುತ್ತಿತ್ತು. ಇವೆಲ್ಲವೂ ಯಥಾಪ್ರತಿಯಲ್ಲಿ ಮಾತ್ರ ಉಳಿಯುತ್ತವೆ.

ಇನ್ನು ಪ್ರಯೋಗಕ್ರಮ. ಎರಡು ಗಣಕಗಳ ನಡುವೆ ನಲ್ ಮೋಡೆಮ್ ಕೇಬಲ್ ಬೇಕು. 9 ಮೊಳೆಯ ಜೋಡಣೆಯಾದರೆ ಒಂದರ 2ನೆಯದು ಇನ್ನೊಂದರ 3ನೆಯದಕ್ಕೂ, 3ನೆಯದು 2ನೆಯದಕ್ಕೂ, 5ನೆಯದು 5ನೆಯದಕ್ಕೂ ಸೇರಿರಬೇಕು. ಹೊಸ ಗಣಕದಲ್ಲಿ ಸೀರಿಯಲ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ ಪರಿವರ್ತಕ ಸಾಕು. ಹಳೆಯ ಡಾಸ್ ಯಂತ್ರದಲ್ಲಿ ಎಂಎಸ್-ಡಾಸ್ ಕರ್ಮಿಟ್, ಹೊಸ ಲಿನಕ್ಸ್ ಯಂತ್ರದಲ್ಲಿ ಸಿ-ಕರ್ಮಿಟ್ ನಡೆಸಬೇಕು. ಹಳೆಯದರಲ್ಲಿ 'ಸೆಟ್ ಪೋರ್ಟ್ ಕಾಮ್1', ಹೊಸದರಲ್ಲಿ 'ಸೆಟ್ ಲೈನ್' ಎಂದು ಪೋರ್ಟಿನ ಹೆಸರು, ಜೊತೆಗೆ 'ಸೆಟ್ ಕ್ಯಾರಿಯರ್-ವಾಚ್ ಆಫ್'. ಅನಂತರ ಎರಡರಲ್ಲಿಯೂ 'ಸೆಟ್ ಸ್ಪೀಡ್ 9600', 'ಸೆಟ್ ಪ್ಯಾರಿಟಿ ನನ್', 'ಸೆಟ್ ಫ್ಲೋ ನನ್'.

ಕಡತ ಕಳುಹಿಸುವ ಮೊದಲು 'ಕನೆಕ್ಟ್' ಎಂದು ಟರ್ಮಿನಲ್ ಸ್ಥಿತಿಗೆ ಹೋಗಬೇಕು. ಟರ್ಮಿನಲ್ ಎಂದರೆ ದೊಡ್ಡ ಗಣಕಕ್ಕೆ ತಂತಿಯಿಂದ ಜೋಡಿಸಿದ ಕೀಲಿಮಣೆ ಮತ್ತು ಪರದೆ ಮಾತ್ರ. 1978ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಹೊರತಂದ ವಿಟಿ100 ಅದಕ್ಕೆ ಮಾದರಿಯಾಗಿ ನಿಂತಿತು. ಕರ್ಮಿಟ್ ಆ ವಂಶದ ಟರ್ಮಿನಲ್ಲಿನಂತೆಯೇ ವರ್ತಿಸಬಲ್ಲದು. ಈ ಸ್ಥಿತಿಯಲ್ಲಿ ಒಂದು ಕಡೆ ಒತ್ತಿದ ಅಕ್ಷರ ಇನ್ನೊಂದು ಕಡೆಯ ಪರದೆಯಲ್ಲಿ ಮೂಡಿದರೆ ತಂತಿ ಸರಿಯಿದೆ. ಕಸ ಮೂಡಿದರೆ ವೇಗ ಹೊಂದಿಲ್ಲ. ಏನೂ ಮೂಡದಿದ್ದರೆ ಕೇಬಲ್ಲನ್ನೋ ಪೋರ್ಟಿನ ಹೆಸರನ್ನೋ ಶಂಕಿಸಬೇಕು. ಈ ಪರೀಕ್ಷೆಯನ್ನು ಬಿಟ್ಟವರು ಕಡತದ ದೋಷವೆಂದು ಭ್ರಮಿಸಿ ಗಂಟೆಗಟ್ಟಲೆ ಕಳೆಯುವುದುಂಟು. ಸಿ-ಕರ್ಮಿಟಿನಲ್ಲಿ ಕಂಟ್ರೋಲಿನೊಡನೆ ಹಿಮ್ಮುಖ ಓರೆಗೆರೆಯನ್ನು ಒತ್ತಿ 'ಸಿ' ಎಂದರೆ ಆದೇಶಸ್ಥಿತಿಗೆ ಮರಳಬಹುದು.

ಬಳಿಕ ಎರಡು ಕಡೆಯೂ 'ಸೆಟ್ ಫೈಲ್ ಟೈಪ್ ಬೈನರಿ'. ರೀತಿಯನ್ನು ಸಾರುವುದು ಕಳುಹಿಸುವವನ ಅಧಿಕಾರವಾದುದರಿಂದ ಹಳೆಯ ಯಂತ್ರದಲ್ಲಿ ಇದು ತಪ್ಪಲೇಬಾರದು. ಸಿ-ಕರ್ಮಿಟ್ ರೀತಿಯನ್ನು ತಾನೇ ಊಹಿಸದಂತೆ 'ಸೆಟ್ ಟ್ರಾನ್ಸ್‌ಫರ್ ಮೋಡ್ ಮ್ಯಾನ್ಯುಯಲ್' ಎನ್ನಬೇಕು. ಹಳೆಯ ಯಂತ್ರದಲ್ಲಿ 'ಸರ್ವರ್' ಎಂದು ಬಿಟ್ಟು, ಹೊಸದರಲ್ಲಿ 'ಗೆಟ್' ಎಂದು ಕಡತದ ಹೆಸರು ಕೊಟ್ಟರೆ ವರ್ಗಾವಣೆ ನಡೆಯುತ್ತದೆ. 9600ರ ವೇಗದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 960 ಅಕ್ಷರಸಂಕೇತಗಳು. 3 ಲಕ್ಷ ಸಂಕೇತಗಳ ಕಡತಕ್ಕೆ ಕನಿಷ್ಠ 5 ನಿಮಿಷಗಳಿಗೂ ಮಿಕ್ಕಿ ಬೇಕು. ತಾಳ್ಮೆಗೆಟ್ಟು ವೇಗವನ್ನು ಹೆಚ್ಚಿಸುವುದಕ್ಕಿಂತ ಕಾಯುವುದೇ ಲೇಸು. 1977ರಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ರೂಪಿಸಿದ ಎಕ್ಸ್‌ಮೋಡೆಮ್ ಎಂಬ ಬೇರೊಂದು ಕ್ರಮವೂ ಇದೆ. ಅದು 128 ಸಂಕೇತಗಳ ಕಟ್ಟುಗಳಲ್ಲಿ ಒಯ್ಯುವುದರಿಂದ ಕೊನೆಯ ಕಟ್ಟು ತುಂಬದಿದ್ದರೆ ಪೂರಣ ಸೇರಿಸುತ್ತದೆ. ಕಡತ ಮೂಲಕ್ಕಿಂತ ಉದ್ದವಾಗಬಹುದು. ಯಥಾಪ್ರತಿಗೆ ಅದು ಒಪ್ಪುವಂಥದಲ್ಲ.

ಹಳೆಯ ಯಂತ್ರದಲ್ಲಿ ಕರ್ಮಿಟೇ ಇಲ್ಲದಿದ್ದರೆ ಅದನ್ನು ಒಳಗೆ ಸೇರಿಸುವುದು ಹೇಗೆ? ಕರ್ಮಿಟ್ ವಿತರಣೆಯಲ್ಲಿ ಇದಕ್ಕೆ ಜಾಣತನದ ಪರಿಹಾರವಿತ್ತು. ಇಡೀ ತಂತ್ರಾಂಶವನ್ನು ಮುದ್ರಣಯೋಗ್ಯ ಅಕ್ಷರಗಳಾಗಿ ಬರೆದ ಬೂ ಕಡತ, ಅದನ್ನು ಮರಳಿ ತಂತ್ರಾಂಶವಾಗಿಸುವ ಚಿಕ್ಕ ಬೇಸಿಕ್ ಕ್ರಮವಿಧಿ ಎರಡನ್ನೂ ಕೊಡುತ್ತಿದ್ದರು. ಬೇಸಿಕ್ ಕ್ರಮವಿಧಿಯನ್ನು ಕೈಯಿಂದಲೇ ಬೆರಳಚ್ಚಿಸಬಹುದು.

ಇಳಿಸಿಕೊಂಡ ಮೇಲೆ ತಾಳೆ ನೋಡುವುದು ಶೇಷವಿರುತ್ತದೆ. ಸುಲಭೋಪಾಯವೆಂದರೆ ಹೊಸ ಯಂತ್ರಕ್ಕೆ ಬಂದ ಕಡತವನ್ನು ಬೇರೆ ಹೆಸರಿನಿಂದ ಹಳೆಯ ಯಂತ್ರಕ್ಕೇ ಹಿಂದಕ್ಕೆ ಕಳುಹಿಸಿ, ಡಾಸಿನ ಎಫ್‌ಸಿ ಆದೇಶಕ್ಕೆ ಓರೆಗೆರೆ ಮತ್ತು 'ಬಿ' ಸೇರಿಸಿ ಮೂಲದೊಡನೆ ಹೋಲಿಸುವುದು. ಹಿಂದೆ ಕಳುಹಿಸುವಾಗ ಹೆಸರು ತಪ್ಪಿ ಮೂಲದ ಮೇಲೆಯೇ ಬರೆಯದಂತೆ ಎಚ್ಚರವಿರಬೇಕು. ಕರ್ಮಿಟ್ ಕಡತದೊಡನೆ ಅದರ ತಾರೀಖನ್ನೂ ಒಯ್ಯಬಲ್ಲದು. ಆದರೆ ತಾರೀಖು 1980ರ ಜನವರಿ 1 ಎಂದಿದ್ದರೆ ಅದನ್ನು ರಚನಾಕಾಲವೆಂದು ನಂಬತಕ್ಕದ್ದಲ್ಲ. ಗಡಿಯಾರದ ಬ್ಯಾಟರಿ ಸತ್ತ ಡಾಸ್ ಯಂತ್ರ ತಾನಾಗಿ ಹಿಡಿಯುವ ದಿನ ಅದು. ಯಥಾಪ್ರತಿಯ ಜೊತೆಗೆ ಯಂತ್ರದ ಹೆಸರು, ಕಡತದ ಮೂಲನಾಮ, ಉದ್ದ, ತಾರೀಖು, ವರ್ಗಾವಣೆಯ ರೀತಿ, ತಾಳೆಯ ಬಗೆ, ಸಂಕೇತ ಇಸ್ಕಿಯೋ ಬೇರೆಯೋ ಎಂಬುದು, ಇಳಿಸಿದವರ ಹೆಸರು ಮತ್ತು ದಿನ, ಇಷ್ಟನ್ನು ಕಾಗದದ ಮೇಲೆ ಬರೆದು ಸೂಚಿಯಲ್ಲಿ ಸೇರಿಸಬೇಕು.