ರೇಡಿಯೊ ಹೇಳಿದರೆ ಮಾತ್ರ ಮನೆಯಿಂದ ಹೊರಗೆ ಕಾಲು!

ಒಂದು ಪ್ರಶ್ನೆ. ಉತ್ತರ ನೀವೇ ಊಹಿಸಬೇಕು!

1975. ಲೆಬನಾನ್ ದೇಶದ ರಾಜಧಾನಿ ಬೈರೂತ್. ಅಲ್ಲಿನ ಸರ್ಕಾರಿ ರೇಡಿಯೊದಲ್ಲಿ ಒಬ್ಬ ಉದ್ಘೋಷಕರ ದನಿ. ಅವರು ಹಾಡು ಹಾಕುವುದಿಲ್ಲ, ಕಥೆ ಹೇಳುವುದಿಲ್ಲ. ಆದರೂ ಇಡೀ ನಗರ ಕಿವಿಯೆಲ್ಲ ಅವರತ್ತ ಇಟ್ಟು ಕೂತಿದೆ. ಅವರು ಹೇಳುತ್ತಿದ್ದುದಾದರೂ ಏನು?

ಹವಾಮಾನವೇ? ಅಲ್ಲ. ಮಾರುಕಟ್ಟೆ ದರವೇ? ಅಲ್ಲವೇ ಅಲ್ಲ!

ಯಾವ ರಸ್ತೆಯಲ್ಲಿ ಹೋದರೆ ಜೀವಸಹಿತ ಮನೆ ಸೇರಬಹುದು ಎಂಬುದನ್ನು!

ಹೌದು. ಅಂತರ್ಯುದ್ಧ ಶುರುವಾಗಿತ್ತು. ಮಹಡಿಗಳ ಮೇಲೆ ಗುರಿಕಾರರು, ತಿರುವು ತಿರುವಿನಲ್ಲಿ ಬಂದೂಕುಧಾರಿಗಳ ತಪಾಸಣೆ. ಆಗಿನ ಗುರುತಿನ ಚೀಟಿಯಲ್ಲಿ ಧರ್ಮ ಬರೆದಿರುತ್ತಿತ್ತು. ಆ ಒಂದು ಪದ ನೋಡಿಯೇ ಕೊಲ್ಲುತ್ತಿದ್ದ ದಿನಗಳವು! ಆಗ ಮೈಕಿನ ಮುಂದೆ ಕುಳಿತವರು ಶರೀಫ್ ಅಲ್ ಅಖವಿ. ಜನ ಅವರಿಗೆ ಫೋನ್ ಮಾಡಿ ತಾವು ಕಂಡದ್ದನ್ನು ಹೇಳುತ್ತಿದ್ದರು. ಅವರು ಅದನ್ನು ಊರಿಗೆಲ್ಲ ಹಂಚುತ್ತಿದ್ದರು. ಈ ರಸ್ತೆ ತೆರೆದಿದೆ, ಸುರಕ್ಷಿತ. ಆ ರಸ್ತೆ ಬೇಡ, ಹೋಗಬೇಡಿ!

ಯೋಚಿಸಿ ನೋಡಿ. ಒಂದು ದನಿ. ಅದನ್ನು ನಂಬಿ ಮನೆಯಿಂದ ಕಾಲು ಹೊರಗಿಡುವ ಒಂದು ಇಡೀ ನಗರ! ಸುದ್ದಿಗೆ ಇದಕ್ಕಿಂತ ದೊಡ್ಡ ಬೆಲೆ ಇನ್ನೆಲ್ಲಿದೆ?

ಈ ಕಥೆ ಓದಿದ ಮೇಲೆ ಲೆಬನಾನ್ ಮಾಧ್ಯಮದ ಹುಚ್ಚು ನನ್ನನ್ನು ಬಿಟ್ಟಿಲ್ಲ. ಕೆದಕಿದಷ್ಟೂ ಬೆರಗು! ಬನ್ನಿ, ಒಂದೊಂದಾಗಿ ಹೇಳುತ್ತೇನೆ.

ಮೊದಲು ಈ ದೇಶದ ಅಳತೆ. ಬರೀ 10,452 ಚದರ ಕಿಲೋಮೀಟರ್. ಇಷ್ಟು ಪುಟ್ಟ ನೆಲದಲ್ಲಿ ಕಾನೂನು ಒಪ್ಪಿದ ಪಂಥಗಳೆಷ್ಟು ಗೊತ್ತೇ? ಐದು? ಎಂಟು? ಹದಿನೆಂಟು! ಮರೋನೈಟ್ ಕ್ರೈಸ್ತರು, ಸುನ್ನಿಗಳು, ಶಿಯಾಗಳು, ದ್ರೂಝರು, ಆರ್ಮೇನಿಯನ್ನರು... ಪಟ್ಟಿ ಮುಗಿಯುವುದೇ ಇಲ್ಲ. ಅಧ್ಯಕ್ಷರು ಮರೋನೈಟ್, ಪ್ರಧಾನಿ ಸುನ್ನಿ, ಸಂಸತ್ತಿನ ಸ್ಪೀಕರ್ ಶಿಯಾ. ಇದು ಸಂಪ್ರದಾಯ.

ಸರಿ, ಯಾವ ಪಂಥದವರು ಎಷ್ಟು ಮಂದಿ? ಜನಗಣತಿ ನೋಡಿದರಾಯಿತು ಎನ್ನುತ್ತೀರಾ? ಅಲ್ಲೇ ಇರುವುದು ಸೋಜಿಗ! ಲೆಬನಾನ್ ಕೊನೆಯ ಬಾರಿ ಅಧಿಕೃತ ಜನಗಣತಿ ಮಾಡಿದ್ದು 1932ರಲ್ಲಿ. ಸ್ವಾತಂತ್ರ್ಯ ಬಂದದ್ದು 1943ರಲ್ಲಿ. ಅಂದರೆ ಸ್ವತಂತ್ರ ಲೆಬನಾನ್ ತನ್ನ ಜನರನ್ನು ಒಮ್ಮೆಯೂ ಎಣಿಸಿಲ್ಲ! ಎಣಿಸಿದರೆ ಅಧಿಕಾರದ ಪಾಲು ಏರುಪೇರಾಗುತ್ತದೆ ಎಂಬ ಭಯ.

ಶಾಲೆಯ ಇತಿಹಾಸ ಪುಸ್ತಕವಾದರೂ ಇದೆಯಲ್ಲ? ಇದೆ. ಆದರೆ 1940ರ ದಶಕಕ್ಕೆ ಬಂದು ನಿಂತುಬಿಡುತ್ತದೆ! ಮುಂದಿನದನ್ನು ಯಾರ ಕಣ್ಣಿನಿಂದ ಬರೆಯಬೇಕೆಂದು ಒಮ್ಮತವಾಗಿಲ್ಲ. ಹದಿನೈದು ವರ್ಷದ ಯುದ್ಧ ಆ ಪಾಠಗಳಲ್ಲಿ ಇಲ್ಲವೇ ಇಲ್ಲ.

ಲೆಕ್ಕವಿಲ್ಲ. ಒಪ್ಪಿದ ಚರಿತ್ರೆಯಿಲ್ಲ. ಹಾಗಾದರೆ ಈ ಸಮಾಜ ತನ್ನ ಮುಖ ನೋಡಿಕೊಳ್ಳುವುದೆಲ್ಲಿ? ಪತ್ರಿಕೆಯಲ್ಲಿ! ರೇಡಿಯೊದಲ್ಲಿ! ಟಿವಿಯಲ್ಲಿ! ಅಲ್ಲಿ ಮಾಧ್ಯಮವೇ ಜನಗಣತಿ, ಮಾಧ್ಯಮವೇ ಇತಿಹಾಸದ ಪುಸ್ತಕ.

ಸಂಜೆಯ ಹೊತ್ತಿಗೆ ಟಿವಿ ಹಾಕಿ, ಚಾನೆಲ್ ಬದಲಿಸುತ್ತಾ ಹೋಗಿ. ಅಲ್ ಮನಾರ್ ಯಾರದು? ಶಿಯಾ ಸಂಘಟನೆ ಹಿಜ್ಬುಲ್ಲಾದ್ದು. ಎನ್‌ಬಿಎನ್? 1992ರಿಂದ ಸ್ಪೀಕರ್ ಆಗಿರುವ ನಬೀಹ್ ಬೆರ್ರಿ ಅವರ ಪಾಳಯದ್ದು. ಒಟಿವಿ? ಮಾಜಿ ಅಧ್ಯಕ್ಷ ಮಿಶೆಲ್ ಔನ್ ಕಟ್ಟಿದ ಪಕ್ಷದ್ದು. ಎಲ್‌ಬಿಸಿ ಹುಟ್ಟಿದ್ದು 1985ರಲ್ಲಿ, ಯುದ್ಧದ ನಡುವೆ, ಒಂದು ಕ್ರೈಸ್ತ ಸಶಸ್ತ್ರ ಪಡೆಯ ಕೂಸಾಗಿ! ಫ್ಯೂಚರ್ ಟಿವಿ ಮಾಜಿ ಪ್ರಧಾನಿ ರಫೀಕ್ ಹರೀರಿ ಅವರದಾಗಿತ್ತು. ರಿಮೋಟ್ ಒತ್ತಿದಂತೆಲ್ಲ ದೇಶದ ರಾಜಕೀಯ ಭೂಪಟ ಕಣ್ಮುಂದೆ!

1996ರಲ್ಲಿ ಸರ್ಕಾರ ಚಾನೆಲ್‌ಗಳಿಗೆ ಲೈಸೆನ್ಸ್ ಹಂಚಿತು. ಮೊದಲ ಪಟ್ಟಿಯಲ್ಲೇ ಎನ್‌ಬಿಎನ್ ಇತ್ತು. ಆಗ ಅದು ಪ್ರಸಾರವನ್ನೇ ಶುರು ಮಾಡಿರಲಿಲ್ಲ! ಚಾನೆಲ್ ಹುಟ್ಟುವ ಮೊದಲೇ ಪಾಲು ನಿಗದಿಯಾಗಿತ್ತು.

ಇನ್ನೂ ಸ್ವಾರಸ್ಯದ್ದು ಮುಂದಿದೆ. ಸಂಜೆಯ ವಾರ್ತೆ ಅಲ್ಲಿ ಮುಖ್ಯಾಂಶಗಳಿಂದ ಶುರುವಾಗುವುದಿಲ್ಲ. ಮೊದಲು ವಾರ್ತಾವಾಚಕರು ಒಂದು ಪೀಠಿಕೆ ಓದುತ್ತಾರೆ. ತೂಕದ ಅರಬ್ಬಿ, ಬಿಗಿಯಾದ ವಾಕ್ಯಗಳು, ಅಲ್ಲಲ್ಲಿ ಚುಚ್ಚುಮಾತು. ಇವತ್ತು ಏನಾಯಿತು ಎನ್ನುವುದಕ್ಕಿಂತ, ಆದದ್ದನ್ನು ನಮ್ಮ ಕಡೆಯವರು ಹೇಗೆ ಅರ್ಥ ಮಾಡಿಕೊಳ್ಳಬೇಕು ಎನ್ನುವುದೇ ಅದರ ತಿರುಳು. ಒಂದೇ ಘಟನೆ. ಒಂದು ಚಾನೆಲ್‌ನಲ್ಲಿ ಗೆಲುವು, ಇನ್ನೊಂದರಲ್ಲಿ ದ್ರೋಹ!

ಈಗ ಕೇಳಿ. ಸರ್ಕಾರಿ ಸುದ್ದಿಸಂಸ್ಥೆ ಈ ಎಲ್ಲ ಪೀಠಿಕೆಗಳನ್ನೂ ಕಲೆಹಾಕಿ, ಒಂದರ ಕೆಳಗೊಂದು ಜೋಡಿಸಿ ಪ್ರಕಟಿಸುತ್ತದೆ! ಓದುತ್ತಾ ಹೋದರೆ ಆ ಸಂಜೆ ಯಾರು ಯಾರ ಮೇಲೆ ಮುನಿದಿದ್ದಾರೆ, ಯಾರು ಯಾರಿಗೆ ಹತ್ತಿರವಾಗಿದ್ದಾರೆ, ಎಲ್ಲ ಬಯಲು. ಒಂದು ದೇಶದ ನಾಡಿಮಿಡಿತ ಒಂದೇ ಪುಟದಲ್ಲಿ!

ಈ ಅಕ್ಷರದ ಹುಚ್ಚು ಎಷ್ಟು ಹಳೆಯದು? ನೂರು ವರ್ಷ? ಇನ್ನೂರು? ಇನ್ನೂ ಹಿಂದಕ್ಕೆ ಹೋಗಿ!

1610! ಕದೀಶಾ ಎಂಬ ಕಡಿದಾದ ಕಣಿವೆ. ಅಲ್ಲಿ ಬಂಡೆಗೆ ಅಂಟಿಕೊಂಡಂತಿರುವ ಕೊಜ್ಹಾಯಾ ಮಠ. ಅಲ್ಲಿ ಒಂದು ಕೀರ್ತನೆಗಳ ಪುಸ್ತಕ ಅಚ್ಚಾಯಿತು. ಅದರ ಪುಟದಲ್ಲಿ ಎರಡು ಅಂಕಣ. ಒಂದರಲ್ಲಿ ಸಿರಿಯಾಕ್ ಭಾಷೆ, ಇನ್ನೊಂದರಲ್ಲಿ ಅರಬ್ಬಿ. ಆದರೆ ಎರಡರ ಲಿಪಿಯೂ ಸಿರಿಯಾಕ್! ಅರಬ್ಬಿ ಭಾಷೆ ಬೇರೆ ಲಿಪಿಯ ಅಂಗಿ ತೊಟ್ಟು ಅಚ್ಚಾಗಿತ್ತು. ಹಲವು ಪಂಥ, ಹಲವು ನುಡಿ, ಒಂದೇ ಪುಟ. ಲೆಬನಾನ್ ಆಗಲೇ ಲೆಬನಾನ್ ಆಗಿತ್ತು!

1858. ಇಪ್ಪತ್ತರ ಹರೆಯದ ಖಲೀಲ್ ಅಲ್ ಖೂರಿ ಬೈರೂತ್‌ನಲ್ಲಿ 'ಹದೀಕತ್ ಅಲ್ ಅಖ್ಬಾರ್' ಪತ್ರಿಕೆ ತಂದ. ಅದು ಆ ನಗರದ ಮೊದಲ ಪತ್ರಿಕೆ. ಎರಡೇ ವರ್ಷಕ್ಕೆ, 1860ರಲ್ಲಿ, ದ್ರೂಝರಿಗೂ ಕ್ರೈಸ್ತರಿಗೂ ಘೋರ ಕಾಳಗ. ರಕ್ತ ಆರುವ ಮೊದಲೇ ಬುತ್ರುಸ್ ಅಲ್ ಬುಸ್ತಾನಿ ಎಂಬ ವಿದ್ವಾಂಸ ಕರಪತ್ರಗಳನ್ನು ಅಚ್ಚು ಹಾಕಿಸಿದ. ಒಟ್ಟು 11. ಒಂದರಲ್ಲೂ ತನ್ನ ಹೆಸರು ಹಾಕಲಿಲ್ಲ! ಸಹಿಯ ಜಾಗದಲ್ಲಿ ತಾನೊಬ್ಬ ದೇಶಪ್ರೇಮಿ ಎಂದಷ್ಟೇ ಬರೆದ. ಓದುಗರನ್ನು ಪಂಥದ ಹೆಸರಿನಿಂದ ಕರೆಯದೆ, ನಾಡಿನ ಮಕ್ಕಳೇ ಎಂದು ಕರೆದ. ಇನ್ನೂ ಹುಟ್ಟದ ದೇಶವೊಂದನ್ನು ಕಾಗದದ ಮೇಲೆ ಮೊದಲು ಕಟ್ಟಿದವರು ಇಂಥವರು!

ಇನ್ನೊಂದು ಊಹೆ. ಈಜಿಪ್ಟಿನ ಅತಿ ಪ್ರಸಿದ್ಧ ಪತ್ರಿಕೆ 'ಅಲ್ ಅಹ್ರಾಮ್' ಸ್ಥಾಪಿಸಿದವರು ಯಾರು? ಈಜಿಪ್ಟಿನವರು? ಅಲ್ಲ! ಲೆಬನಾನ್‌ನಿಂದ ಹೋದ ಅಣ್ಣತಮ್ಮಂದಿರು, ಸಲೀಮ್ ಮತ್ತು ಬಿಶಾರಾ ತಕ್ಲಾ. ಅದು ಇವತ್ತಿಗೂ ಕೈರೊದಿಂದ ಹೊರಡುತ್ತಿದೆ.

ಬೈರೂತ್‌ನ ಪತ್ರಿಕೆಗಳ ಲಿಪಿಗಳನ್ನೇ ನೋಡಿ. ಅರಬ್ಬಿಯಲ್ಲಿ 'ಅನ್ ನಹಾರ್'. ಫ್ರೆಂಚ್‌ನಲ್ಲಿ 'ಲೋರಿಯಾಂ ಲೆ ಜೂರ್'. ಮೂರನೆಯದು? 1927ರಲ್ಲಿ ಶುರುವಾದ 'ಅಜ್ತಗ್', ಆರ್ಮೇನಿಯನ್ ಭಾಷೆಯದು! ಒಟ್ಟೊಮನ್ ಆಳ್ವಿಕೆಯ ನರಮೇಧದಿಂದ ಪಾರಾಗಿ ಬಂದ ಜನ, ಸೂರು ಸಿಕ್ಕ ಊರಿನಲ್ಲಿ ತಮ್ಮದೇ ಲಿಪಿಯಲ್ಲಿ ಪತ್ರಿಕೆ ಮಾಡಿಕೊಂಡರು.

ಮತ್ತೆ ಯುದ್ಧಕ್ಕೆ ಬರೋಣ. 1975ರಿಂದ 1990. ಪ್ರತಿ ಬಣಕ್ಕೂ ಒಂದು ರೇಡಿಯೊ! ಯುದ್ಧ ಮುಗಿಯುವ ಹೊತ್ತಿಗೆ ಈ ಚಿಕ್ಕ ದೇಶದ ಗಾಳಿಯಲ್ಲಿ ನೂರಕ್ಕೂ ಹೆಚ್ಚು ರೇಡಿಯೊ ಕೇಂದ್ರಗಳು, ಹತ್ತಾರು ಟಿವಿ ಕೇಂದ್ರಗಳು. ಬಹುಪಾಲಿಗೆ ಲೈಸೆನ್ಸೇ ಇರಲಿಲ್ಲ.

ಒಬ್ಬರು ಹೌದೆಂದರೆ ಇನ್ನೊಬ್ಬರು ಅಲ್ಲ. ಆದರೆ ಬೆಳಗಾದರೆ? ಬೆಳಗಾದರೆ ಎಲ್ಲ ಕಡೆಯೂ ಒಂದೇ ದನಿ. ಫೈರೂಝ್!

ಮೈ ಜುಮ್ಮೆನ್ನುವುದಿಲ್ಲವೇ? ಪರಸ್ಪರ ಗುಂಡು ಹಾರಿಸುವವರೆಲ್ಲ ಕೇಳುತ್ತಿದ್ದುದು ಒಬ್ಬಳೇ ಗಾಯಕಿಯನ್ನು! ಆಕೆಯೂ ರೇಡಿಯೊ ಮನೆಯ ಮಗಳೇ. ಹುಟ್ಟಿದ ಹೆಸರು ನುಹಾದ್ ಹದ್ದಾದ್. ರೇಡಿಯೊ ಲೆಬನಾನ್‌ನ ಮೇಳದಲ್ಲಿ ಹಾಡುತ್ತಿದ್ದ ಹುಡುಗಿಗೆ ಅಲ್ಲಿನ ಸಂಗೀತ ವಿಭಾಗದ ಹಲೀಮ್ ಅಲ್ ರೂಮಿ ಫೈರೂಝ್ ಎಂದು ಹೆಸರಿಟ್ಟರು. ಯುದ್ಧದ ಅಷ್ಟೂ ವರ್ಷ ಆಕೆ ದೇಶ ಬಿಟ್ಟು ಬೇರೆಡೆ ನೆಲೆಸಲಿಲ್ಲ. ಯಾವ ಬಣದ ವೇದಿಕೆಯನ್ನೂ ಹತ್ತಲಿಲ್ಲ! ಕೊನೆಗೆ 1994ರಲ್ಲಿ ಬೈರೂತ್‌ನ ಹುತಾತ್ಮರ ಚೌಕದಲ್ಲಿ ಹಾಡಿದರು. ಯುದ್ಧದಲ್ಲಿ ನಗರವನ್ನು ಎರಡಾಗಿ ಸೀಳಿದ್ದ ಗೆರೆ ಹಾದುಹೋಗುತ್ತಿದ್ದ ಜಾಗವದು.

ಆ ಚೌಕಕ್ಕೆ ಹುತಾತ್ಮರ ಹೆಸರು ಯಾಕೆ ಬಂತು? 1916ರ ಮೇ 6. ಒಟ್ಟೊಮನ್ ಆಡಳಿತಗಾರ ಜಮಾಲ್ ಪಾಷಾ ಅಲ್ಲಿ ರಾಷ್ಟ್ರವಾದಿಗಳನ್ನು ಗಲ್ಲಿಗೇರಿಸಿದ. ಅವರಲ್ಲಿ ಹಲವರು ಪತ್ರಕರ್ತರು! 'ಅಲ್ ಮುಫೀದ್' ಪತ್ರಿಕೆಯ ಅಬ್ದುಲ್ ಗನಿ ಅಲ್ ಉರೈಸಿ ಅವರಲ್ಲೊಬ್ಬರು.

ಲೆಬನಾನ್‌ನಲ್ಲಿ ಬರೆಯುವುದೆಂದರೆ ಪ್ರಾಣ ಪಣಕ್ಕಿಡುವುದು. 1966ರಲ್ಲಿ 'ಅಲ್ ಹಯಾತ್' ಸ್ಥಾಪಕ ಕಾಮಿಲ್ ಮ್ರೂವೆ ಅವರನ್ನು ಅವರ ಕಚೇರಿಯಲ್ಲೇ ಕೊಂದರು. ಇನ್ನು 2005? ಒಂದೇ ವರ್ಷ, ಮೂರು ಕಾರ್ ಬಾಂಬ್! ಜೂನ್ 2, ಅಂಕಣಕಾರ ಸಮೀರ್ ಕಸೀರ್. ಡಿಸೆಂಬರ್ 12, 'ಅನ್ ನಹಾರ್' ಮುಖ್ಯಸ್ಥ ಜಿಬ್ರಾನ್ ತುವೇನಿ. ಇಬ್ಬರೂ ಉಳಿಯಲಿಲ್ಲ.

ನಡುವೆ, ಸೆಪ್ಟೆಂಬರ್ 25ರಂದು, ಎಲ್‌ಬಿಸಿ ನಿರೂಪಕಿ ಮೇ ಶಿದಿಯಾಕ್ ಅವರ ಕಾರು. ಎಡಗೈ ಹೋಯಿತು, ಎಡಗಾಲು ಹೋಯಿತು. ವೃತ್ತಿ ಅಲ್ಲಿಗೆ ಮುಗಿಯಿತು ಎಂದುಕೊಂಡಿರಾ? ವರ್ಷ ತುಂಬುವ ಮೊದಲೇ ಕ್ಯಾಮೆರಾ ಮುಂದೆ ಬಂದು ಕುಳಿತರು! 2019ರಲ್ಲಿ ಸಚಿವೆಯೂ ಆದರು.

ಜಿಬ್ರಾನ್ ತುವೇನಿಯ ತಂದೆ ಗಸ್ಸಾನ್ ತುವೇನಿ. ವಯಸ್ಸು 79. ಅವರೂ ಪತ್ರಕರ್ತರೇ. ಮಗನ ಶವದ ಮುಂದೆ ನಿಂತು ಆ ಮುದುಕ ಕೇಳಿಕೊಂಡದ್ದೇನು? ಸೇಡೇ? ಅಲ್ಲ! ಮಗನ ಜೊತೆಗೆ ದ್ವೇಷವನ್ನೂ ಮಣ್ಣು ಮಾಡಿ ಎಂದು!

ಸಿನಿಮಾ ಕೂಡ ಇದೆಲ್ಲವನ್ನೂ ಕಂಡಿದೆ. ನದೀನ್ ಲಬಕಿ ಅವರ 2011ರ 'ವೇರ್ ಡು ವೀ ಗೋ ನೌ?' ನೋಡಿ. ಕ್ರೈಸ್ತರು, ಮುಸ್ಲಿಮರು ಕೂಡಿ ಬಾಳುವ ಒಂದು ಹಳ್ಳಿ. ಹೊರಗಿನ ಗಲಭೆಯ ಸುದ್ದಿ ಕಿವಿಗೆ ಬಿದ್ದರೆ ಗಂಡಸರು ಕತ್ತಿ ಹಿರಿಯುತ್ತಾರೆ. ಹೆಂಗಸರು ಏನು ಮಾಡುತ್ತಾರೆ ಹೇಳಿ? ಸುದ್ದಿಯೇ ಊರೊಳಗೆ ಬರದಂತೆ ಟಿವಿಯನ್ನೇ ಕೆಡಿಸುತ್ತಾರೆ!

ಈಗ ಹಣದ ಪ್ರಶ್ನೆ. ಒಂದು ಸರ್ಕಾರ ಉರುಳಲು ಎಷ್ಟು ಬೇಕು? ಕೋಟಿ? ನೂರು ಕೋಟಿ? ದಿನಕ್ಕೆ 20 ಸೆಂಟ್ ಸಾಕು!

2019ರ ಅಕ್ಟೋಬರ್ 17. ವಾಟ್ಸ್‌ಆ್ಯಪ್ ಕರೆಗಳಿಗೆ ದಿನಕ್ಕೆ 20 ಅಮೆರಿಕನ್ ಸೆಂಟ್ ತೆರಿಗೆ ಹಾಕುವ ಪ್ರಸ್ತಾಪ ಬಂತು. ಅಷ್ಟೇ! ವರ್ಷಗಟ್ಟಲೆ ಒಳಗೇ ಕುದಿಯುತ್ತಿದ್ದ ಸಿಟ್ಟು ಬೀದಿಗೆ ಉಕ್ಕಿತು. ಅದೇ ರಾತ್ರಿ ಪ್ರಸ್ತಾಪ ವಾಪಸ್. ಜನ ಮಾತ್ರ ವಾಪಸ್ ಹೋಗಲಿಲ್ಲ! ಟಿವಿ ವರದಿಗಾರರು ಗಂಟೆಗಟ್ಟಲೆ ಬೀದಿಯಲ್ಲೇ ನಿಂತು, ಸಾಮಾನ್ಯರ ಕೈಗೆ ಮೈಕ್ ಕೊಟ್ಟರು. 27ರಂದು ಉತ್ತರದ ಟ್ರಿಪೋಲಿಯಿಂದ ದಕ್ಷಿಣದ ಟೈರ್‌ವರೆಗೆ ಮಾನವ ಸರಪಳಿ. ಸುಮಾರು 170 ಕಿಲೋಮೀಟರ್ ಉದ್ದಕ್ಕೆ ಕೈಗೆ ಕೈ, ಯಾವ ಪಂಥ ಎಂದು ಕೇಳದೆ! 29ರಂದು ಪ್ರಧಾನಿ ಸಾದ್ ಹರೀರಿ ರಾಜೀನಾಮೆ.

ಕೊನೆಗೆ ನನ್ನ ಅಚ್ಚುಮೆಚ್ಚಿನ ಕಥೆ. ಬೇಕೆಂದೇ ಇಷ್ಟು ಹೊತ್ತು ಹಿಡಿದಿಟ್ಟಿದ್ದೆ!

2018ರ ಅಕ್ಟೋಬರ್ 11. 'ಅನ್ ನಹಾರ್' ಕೈಗೆತ್ತಿಕೊಂಡ ಓದುಗರಿಗೆ ಆಘಾತ. ಎಂಟು ಪುಟ, ಸುದ್ದಿಯೇ ಇಲ್ಲ! ಎಲ್ಲ ಖಾಲಿ. ಚುನಾವಣೆಯಾಗಿ ತಿಂಗಳುಗಳಾದರೂ ಸರ್ಕಾರ ರಚಿಸದ ನಾಯಕರಿಗೆ ಪತ್ರಿಕೆ ಕೊಟ್ಟ ಛಡಿಯೇಟು ಅದು.

ಅದನ್ನೂ ಮೀರಿಸಿದ್ದು 2022ರ ಫೆಬ್ರುವರಿ 2. ದೇಶ ದಿವಾಳಿ. ಮತಪತ್ರ ಮುದ್ರಿಸಲು ಕಾಗದ, ಶಾಯಿಗೂ ತತ್ವಾರ, ಚುನಾವಣೆಯೇ ಮುಂದಕ್ಕೆ ಹೋದೀತು ಎಂಬ ಆತಂಕ. 'ಅನ್ ನಹಾರ್' ಏನು ಮಾಡಿತು? ಸಂಪಾದಕೀಯ ಬರೆಯಿತೇ? ಇಲ್ಲ. ಅಂದಿನ ಪತ್ರಿಕೆಯನ್ನು ಮುದ್ರಿಸಲೇ ಇಲ್ಲ! ಅದಕ್ಕೆ ಬೇಕಿದ್ದ ಕಾಗದ, ಶಾಯಿಯನ್ನು ಮತಪತ್ರಕ್ಕೆಂದು ಎತ್ತಿ ಕೊಟ್ಟುಬಿಟ್ಟಿತು!

ಅಚ್ಚಾಗದ ಆ ಸಂಚಿಕೆಗೆ ಕಾನ್ ಜಾಹೀರಾತು ಉತ್ಸವದಲ್ಲಿ ಸಿಕ್ಕ ಪ್ರಶಸ್ತಿ ಯಾವ ವಿಭಾಗದ್ದು ಗೊತ್ತೇ? ಮುದ್ರಣ ವಿಭಾಗದ ಅಗ್ರ ಪ್ರಶಸ್ತಿ! ಮೇ 15ರಂದು ಚುನಾವಣೆ ನಡೆದೇ ನಡೆಯಿತು. ಹಳೆಯ ಪಕ್ಷಗಳ ಹಂಗಿಲ್ಲದ, ಬದಲಾವಣೆಯ ಮಾತಾಡಿದ 13 ಮಂದಿ 128 ಸದಸ್ಯರ ಸಂಸತ್ತಿಗೆ ಹೊಕ್ಕರು.

ಲೆಬನಾನ್ ಮಾಧ್ಯಮ ಜನರನ್ನು ಒಡೆದಿದೆ, ನಿಜ. ಆದರೆ ಆ ಜನರನ್ನು ಒಂದು ದೇಶವಾಗಿ ಹಿಡಿದಿಟ್ಟದ್ದೂ ಅದೇ. ಎರಡೂ ಕೆಲಸ ಒಂದೇ ಮೈಕಿನಿಂದ ಆಗಿವೆ. ಇದು ನನ್ನ ಖಚಿತ ಮಾತು.

ಇನ್ನು ಮೇಲೆ ಲೆಬನಾನ್‌ನಿಂದ ಯಾವ ಸುದ್ದಿ ಬಂದರೂ ಮೊದಲು ಕೇಳಿ: ಹೇಳುತ್ತಿರುವ ಚಾನೆಲ್ ಯಾರದು? ಆಮೇಲೆ ಅದೇ ಸುದ್ದಿಯನ್ನು ಎದುರು ಬಣದ ಚಾನೆಲ್‌ನಲ್ಲೂ ನೋಡಿ. ಎರಡನ್ನೂ ನೋಡಿದ ಮೇಲಷ್ಟೇ ನಿಮ್ಮ ತೀರ್ಮಾನ ಹೇಳಿ.